ತುಮ್ ಅಕ್ಕನ ಅಸಲಿ ಮುಖ

ಸೊಂಖ್ಲಾ ಎಂಬ ಕಡಲೂರಿನ ಮೀನುಪೇಟೆಯಲ್ಲಿ ತುಮ್ ಬೈದಷ್ಟು ಯಾರೂ ಬೈಯುವುದಿಲ್ಲ, ಅವಳು ಮಾರಿದಷ್ಟು ಒಣ ಬೊಂಡಾಸ ಮೀನನ್ನೂ ಯಾರೂ ಮಾರುವುದಿಲ್ಲ. ಫೋನಿನ ಮುಂದೆ ಕೂತು ಲೈವ್ ಶುರುಮಾಡಿದಳೆಂದರೆ ಚೌಕಾಸಿ ಮಾಡುವ ಗಿರಾಕಿಗಳ ಜನ್ಮ ಜಾಲಾಡುತ್ತಾಳೆ. ಅವರೋ, ಕಿಸಕಿಸ ನಗುತ್ತ ಇನ್ನೊಂದು ಪೊಟ್ಟಣ ಜಾಸ್ತಿಯೇ ಕೊಳ್ಳುತ್ತಾರೆ. ಆ ಲೈವ್ ಬರುವ ಅವಳ ಪೇಜನ್ನು ಈ ಭಾನುವಾರ ಬೆಳಿಗ್ಗೆ ಯಾವನೋ ಕಳ್ಳ ಹ್ಯಾಕ್ ಮಾಡಿ ಹೊಡೆದುಕೊಂಡಿದ್ದ. ಸಾಲದೆಂದು ‘ಪ್ರಿಯ ಗ್ರಾಹಕರೇ, ಇಂದು ಅರ್ಧ ಬೆಲೆ, ದಯವಿಟ್ಟು ಮೊದಲೇ ಹಣ ಕಳಿಸಿ’ ಎಂದು ಅವಳದೇ ಫೋಟೊದ ಕೆಳಗೆ ಬರೆದಿದ್ದ.

“ಅರ್ಧ ಬೆಲೆಯಂತೆ, ಅವನ ಬಾಯಿಗೆ ಮಣ್ಣು ಬೀಳ! ನನ್ನ ಮುಖ ನಂಬಿ ಜನ ದುಡ್ಡು ಹಾಕಿದ್ರೆ ನಾಳೆ ನಾನು ತಲೆ ಎತ್ತೋದು ಹ್ಯಾಗೇ ಜಿಯಬ್?”

ಪಕ್ಕದ ಸೀಗಡಿ ಅಂಗಡಿಯ ಜಿಯಬ್ ತನ್ನ ಫೋನಿನಿಂದಲೇ ಪೇಜ್ ನಡೆಸುವ ಕಂಪನಿಗೆ ದೂರು ಕೊಟ್ಟಳು. ಗುರುತಿನ ಚೀಟಿ ಕೇಳಿತು, ಕಳಿಸಿದರು. ಹೆಸರು ತಾಳೆಯಾಗುತ್ತಿಲ್ಲ ಎಂದಿತು.

ತಾಳೆಯಾಗುವುದಾದರೂ ಹೇಗೆ? ತುಮ್ ಎನ್ನುವುದು ಮನೆಯವರು ಕರೆಯುವ ಹೆಸರು. ಹೆತ್ತವರು ಬರೆಸಿದ್ದು ಬುಂಚುಯ್. ಗಂಡ ಬಿಟ್ಟುಹೋದ ವರ್ಷ ದೆಸೆ ತಿರುಗಲೆಂದು ಜೋಯಿಸರು ಅದನ್ನು ಕನ್ನಿಕಾ ಮಾಡಿಸಿದರು, ಆ ಹೆಸರಿನಲ್ಲೇ ಅವಳು ಪೇಜ್ ತೆರೆದಳು. ಹೋದ ವರ್ಷ ದೋಣಿ ಮುಗುಚಿದ ಮೇಲೆ ಅದೂ ಹೋಗಿ ಚೀಟಿಯಲ್ಲಿ ನಟ್ಠಮೊನ್ ಆಯಿತು.

“ಹೆಸರು ಬದಲಾಯಿಸಿದ್ದಕ್ಕೆ ಸರ್ಕಾರದ ಕಾಗದ ಕೊಟ್ಟಿರ್ತಾರಲ್ಲಕ್ಕ, ತಗೊಂಬಾ.”

“ಎಲ್ಲಿಂದ ತರ್ಲಿ? ಹಳೇ ಹೆಸರನ್ನ ಸಮುದ್ರಕ್ಕೆ ಬಿಟ್ಟುಬಿಡು ಅಂದ್ರು ಜೋಯಿಸ್ರು. ಬಾಳೆ ದೊನ್ನೇಲಿ ಹೂವು, ಊದುಬತ್ತಿ ಸಮೇತ ಬಿಟ್ಟೆ.”

“ಅಯ್ಯೋ ನಿನ್ನ! ಹೆಸರು ಬಿಡು ಅಂದ್ರೆ ಕಾಗದಾನೂ ಬಿಟ್ಯಾ?”

“ಮತ್ತೆ ಬರೀ ಹೆಸರನ್ನ ಹ್ಯಾಗೆ ಹಿಡ್ಕೊಂಡು ಬಿಡ್ಲಿ, ನೀನೇ ಹೇಳು!”

ಹೊಸ ನಕಲು ತರಲು ಸೋಮವಾರದವರೆಗೆ ಕಚೇರಿಯ ಬಾಗಿಲೇ ತೆರೆಯದು. ಅಷ್ಟರಲ್ಲಿ ಕಂಪನಿ ಇನ್ನೊಂದು ದಾರಿ ತೋರಿಸಿತು: ಫೋನಿಗೆ ಮುಖ ತೋರಿಸಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ತುಮ್ ದೇವರ ಮುಂದೆ ನಿಂತಷ್ಟು ಭಕ್ತಿಯಿಂದ ತಿರುಗಿದಳು. ಪೇಜಿನ ಫೋಟೊಗಳಲ್ಲಿರುವವರು ಇವರಲ್ಲ ಎಂಬ ಉತ್ತರ ಬಂತು.

ಜಿಯಬ್ ನಕ್ಕು ನಕ್ಕು ಸೀಗಡಿ ಬುಟ್ಟಿಯ ಮೇಲೆ ಬೀಳುವುದೊಂದು ಬಾಕಿ. “ಫಿಲ್ಟರ್ ಇಲ್ದೆ ಒಂದು ದಿನಾನೂ ಲೈವಿಗೆ ಬಂದೋಳಲ್ಲ ನೀನು! ಅಲ್ಲಿರೋಳು ಹಾಲಿನ ಬಿಳುಪು, ಚೂಪು ಗದ್ದ. ಈ ಗುಂಡು ಮುಖ ಅದಕ್ಕೇನು ಗೊತ್ತು, ಪಾಪ!”

“ನಗ್ತೀಯಲ್ಲೇ ಕತ್ತೆ! ಆ ಮುಖ ಬೇಕು ತಾನೆ? ಮಾಡು ಮತ್ತೆ!”

ಸರಿ, ಪೇಟೆಗೆ ಪೇಟೆಯೇ ಸೇರಿತು. ಯಾರೋ ಪೌಡರ್ ಡಬ್ಬಿ ಸುರಿದರು, ಯಾರೋ ಹುಬ್ಬು ತಿದ್ದಿದರು. ಜಿಯಬ್ ಪಾರ್ಸೆಲ್ ಕಟ್ಟುವ ಅಂಟುಪಟ್ಟಿಯಿಂದ ಗದ್ದದ ಜೋಲನ್ನು ಎಳೆದು ಕಿವಿಯ ಹಿಂದೆ ಬಿಗಿದಳು. ಸತ್ತಳೋ ಬದುಕಿದಳೋ ಎನ್ನುವಂತೆ ಕೂತ ತುಮ್ ತುಟಿ ಅಲ್ಲಾಡಿಸದೆ, “ಯಾರಾದ್ರೂ ನಗಿಸಿದ್ರೆ ಕೊಂದ್ಹಾಕ್ತೀನಿ” ಎಂದಳು. ಎಡಕ್ಕೆ ತಿರುಗಿದಳು. ಬಲಕ್ಕೆ ತಿರುಗುವಾಗ ಅಂಟು ಚರಚರ ಎಂದಿತು. ಫೋನು ಒಪ್ಪಿಕೊಂಡಿತು! ಪೇಜ್ ವಾಪಸ್ ಬಂತು! ಪೇಟೆಯಲ್ಲಿ ಕೇಕೆಯೋ ಕೇಕೆ.

ಗಿರಾಕಿಗಳನ್ನು ಎಚ್ಚರಿಸಬೇಕೆಂಬ ಗಡಿಬಿಡಿಯಲ್ಲಿ ತುಮ್ ತಕ್ಷಣ ಲೈವ್ ಹಚ್ಚಿದಳು. ಫಿಲ್ಟರ್ ಮರೆತೇಹೋಯಿತು. ಬೆವರಿಗೆ ಪೌಡರ್ ಇಳಿದಿತ್ತು, ಅಂಟು ಕಿತ್ತು ಗದ್ದ ತನ್ನ ಜಾಗಕ್ಕೆ ಬಂದು ಕೂತಿತ್ತು. ಕಮೆಂಟುಗಳು ದಬದಬ ಬಿದ್ದವು.

‘ಈ ಹೆಂಗಸು ಯಾರು?’ ‘ಕಳ್ಳಿ ಇವಳೇ!’ ‘ಎಲ್ಲರೂ ದೂರು ಕೊಡಿ, ಪೇಜ್ ಮುಚ್ಚಿಸಿ!’

ಇಷ್ಟೆಲ್ಲ ಪಾಡುಪಟ್ಟು ಬಿಡಿಸಿಕೊಂಡು ಬಂದ ಪೇಜನ್ನು ಈಗ ತನ್ನ ಜನರೇ ಮುಚ್ಚಿಸುತ್ತಾರೆ! “ಪ್ರಿಯ ಗ್ರಾಹಕರೇ, ದಯವಿಟ್ಟು ನಂಬಿ, ನಾನೇ...” ಎಂದು ತುಮ್ ಗೋಗರೆದಳು.

‘ದಯವಿಟ್ಟು ಅಂತೆ! ತುಮ್ ಅಕ್ಕನ ಬಾಯಲ್ಲಿ ಆ ಮಾತು ಯಾವತ್ತಾದರೂ ಬಂದಿದೆಯಾ?’ ಎಂದು ಫತ್ತಲುಂಗ್ ಊರಿನ ವಂಪೆನ್ ಎಂಬವಳು ಬರೆದಳು.

ತುಮ್‌ಗೆ ಸಿಟ್ಟು ನೆತ್ತಿಗೇರಿತು. “ಏಯ್ ವಂಪೆನ್! ಹೋದ್ಸಲ ಬೊಂಡಾಸ ಗಟ್ಟಿ ಅಂತ ವಾಪಸ್ ಕಳಿಸ್ದೋಳು ನೀನೇ ತಾನೆ? ವಾಪಸ್ ಬಂದ ಪೊಟ್ಟಣದಲ್ಲಿ ಬರೀ ಬಾಲ ಇತ್ತಲ್ಲೇ ಹೊಟ್ಟೆಬಾಕಿ! ಗಟ್ಟಿ ಹಲ್ಲಿದ್ದೋರೂ ಅಷ್ಟು ತಿನ್ನಲ್ಲ! ಮಾನ ಮರ್ಯಾದೆ ಇದ್ದೋರಿಗೆ ಹುಟ್ಟಿದೀಯೋ ಇಲ್ವೋ!”

ಪರದೆಯ ತುಂಬ ಕೆಂಪು ಹೃದಯಗಳು ಹಾರಿದವು.

‘ಅಕ್ಕಾ! ನಮ್ಮ ಅಕ್ಕನೇ!’ ಎಂದು ವಂಪೆನ್ನೇ ಮೊದಲು ಬರೆದಳು. ‘ಆ ಕಳ್ಳ ಬೆಳಿಗ್ಗೆಯಿಂದ ಬೆಣ್ಣೆ ಹಚ್ಚಿ ಮಾತಾಡ್ತಿದ್ದ, ಒಂದು ಪೈಸೆ ಹಾಕಲಿಲ್ಲ ನಾವು.’

ಹಿಂದೆಯೇ ಇನ್ನೊಬ್ಬಳು: ‘ಅಕ್ಕ, ನನಗೆ ನಾಲ್ಕು ಪೊಟ್ಟಣ. ಮೊದಲು ನನ್ನನ್ನೂ ಒಂಚೂರು ಬೈಯಿ, ಆಮೇಲೆ ದುಡ್ಡು ಹಾಕ್ತೀನಿ.’

ಜಿಯಬ್ ಫಿಲ್ಟರ್ ಹಾಕಲು ಬೆರಳು ಚಾಚಿದಳು. ತುಮ್ ಅವಳ ಕೈಗೆ ಪಟ್ಟನೆ ಒಂದು ಕೊಟ್ಟು, ಅಂಗಿಯ ತೋಳಿನಲ್ಲೇ ಪೌಡರನ್ನೂ ಕಣ್ಣೀರನ್ನೂ ಒರೆಸಿಕೊಂಡಳು. ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಬೈಯುತ್ತ ಹೋದಳು.