ಕಡ್ಡಿ ಕುಣಿಯುವ ಜಾಗ

ಚಿಂತಾಮಣಿಯ ರೈಲ್ವೆ ಸ್ಟೇಷನ್ನಿನಿಂದ ಕೂಗಳತೆ ದೂರದಲ್ಲಿ ಮುನಿಶಾಮಪ್ಪನವರ ತಗಡಿನ ಷೆಡ್ಡು ಇತ್ತು. ಹಿತ್ತಾಳೆಯ ದಪ್ಪ ಹಲಗೆಗಳನ್ನು ಎರಡು ಉಕ್ಕಿನ ಉರುಳೆಗಳ ನಡುವೆ ಹತ್ತಾರು ಸಲ ಹಾಯಿಸಿ ತೆಳ್ಳಗಿನ ತಗಡು ಮಾಡುವುದು ಅಲ್ಲಿಯ ಕಸುಬು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರ ಬಾಣಲೆಗಳಿಗೆ ಈ ತಗಡೇ ಹೋಗುತ್ತಿತ್ತು. ಗಂಗುಲಪ್ಪ ಆ ಷೆಡ್ಡಿನ ಮೇಸ್ತ್ರಿ. ಓದಿದ್ದು ನಾಲ್ಕನೇ ಕ್ಲಾಸು. ಊರಾಚೆ ಎರಡೆಕರೆ ಹೊಲವಿದ್ದರೂ ಅದನ್ನು ತಮ್ಮನಿಗೆ ಬಿಟ್ಟು ಉರುಳೆಯ ಹಿಂದೆ ಬಿದ್ದಿದ್ದ.

ತಗಡಿನ ಕೆಲಸದಲ್ಲಿ ಎರಡು ಕಾಟಗಳಿದ್ದವು. ಬೆಳಿಗ್ಗೆ ಉರುಳೆ ತಣ್ಣಗಿರುವಾಗ ತಗಡಿನ ಅಂಚುಗಳು ಅಲೆಯಲೆಯಾಗಿ ಬರುತ್ತಿದ್ದವು. ಅದಕ್ಕೆ ಷೆಡ್ಡಿನವರು ನೆರಿಗೆ ಎನ್ನುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಉರುಳೆಯ ನಡುಭಾಗ ಕಾದು, ಕೂದಲೆಳೆಯಷ್ಟು ಉಬ್ಬಿ, ತಗಡಿನ ನಡುವನ್ನು ಹೆಚ್ಚಾಗಿ ಅಮುಕುತ್ತಿತ್ತು. ಆಗ ತಗಡು ನಡುವೆ ಸಡಿಲವಾಗಿ ಉಬ್ಬಿಕೊಳ್ಳುತ್ತಿತ್ತು. ಅದು ಹೊಟ್ಟೆ. ಹೊಟ್ಟೆ ಬಂದ ತಗಡಿನಲ್ಲಿ ಬಾಣಲೆ ಮಾಡಿದರೆ ತಳ ಕೂರುವುದಿಲ್ಲ.

ಗಂಗುಲಪ್ಪ ಇದಕ್ಕೊಂದು ಉಪಾಯ ಮಾಡಿದ್ದ. ಮೇಲಿನ ಉರುಳೆಯ ಉದ್ದಕ್ಕೂ ಏಳು ಗೋಣಿತಟ್ಟಿನ ಪಟ್ಟಿಗಳನ್ನು ಇಳಿಬಿಟ್ಟು, ಒಂದೊಂದರ ಮೇಲೂ ತೂತು ಮಡಕೆ ಕಟ್ಟಿ, ಬೇಕಾದ ಕಡೆ ಮಾತ್ರ ನೀರು ತೊಟ್ಟಿಕ್ಕಿಸುತ್ತಿದ್ದ. ನೀರು ಬಿದ್ದ ಕಡೆ ಉರುಳೆ ತಣಿದು ಕುಗ್ಗುತ್ತದೆ, ತಗಡಿನ ಮೇಲೆ ಅದರ ಒತ್ತು ಕಮ್ಮಿಯಾಗುತ್ತದೆ. ಅವನ ಕೈಯಿಂದ ಬರುವ ತಗಡು ಕನ್ನಡಿಯ ಹಾಗೆ ಮಟ್ಟಸವಾಗಿರುತ್ತಿತ್ತು.

ಇದನ್ನು ಪೇಟೆಂಟ್ ಮಾಡಿಸಬೇಕೆಂದು ಅವನ ತಲೆಗೆ ಹಾಕಿದವರು ಹೈಸ್ಕೂಲಿನಲ್ಲಿ ಸೈನ್ಸ್ ಹೇಳುತ್ತಿದ್ದ ಕೋನಪ್ಪ ಮೇಷ್ಟ್ರು. ಒಂದು ಸಂಜೆ ಷೆಡ್ಡಿಗೆ ಬಂದು ನೋಡಿದವರು, ಇಂಥದ್ದನ್ನು ಕಂಡುಹಿಡಿದವರಿಗೆ ಸರ್ಕಾರ ಹದಿನಾರು ವರ್ಷದ ಹಕ್ಕು ಬರೆದುಕೊಡುತ್ತದೆ ಎಂದರು. ತಾವೇ ಕೂತು ನಾಲ್ಕು ಹಾಳೆ ಇಂಗ್ಲಿಷಿನಲ್ಲಿ ಬರೆದು, ಉರುಳೆ, ಗೋಣಿತಟ್ಟು, ಮಡಕೆಗಳ ಚಿತ್ರ ತೆಗೆದು, ಅರ್ಜಿಯನ್ನು ಕಲ್ಕತ್ತದ ಪೇಟೆಂಟ್ ಆಫೀಸಿಗೆ ಕಳಿಸಿದರು. ಇದು ಐವತ್ತೊಂಬತ್ತನೇ ಇಸವಿಯ ಮಾತು.

ಉತ್ತರ ಬರಲು ವರ್ಷದ ಮೇಲಾಯಿತು. ಅರ್ಜಿಯನ್ನು ಪರೀಕ್ಷೆ ಮಾಡಿದ ಅಧಿಕಾರಿ ಎರಡು ಹಾಳೆ ಬರೆದಿದ್ದರು. ಕೋನಪ್ಪನವರು ತಮ್ಮ ಮನೆಯ ಜಗಲಿಯಲ್ಲಿ ಕೂತು ಅದನ್ನು ಓದಿ, ಕನ್ನಡದಲ್ಲಿ ಹೇಳಿದರು.

“ಉರುಳೆಗೆ ಅಲ್ಲಲ್ಲಿ ನೀರು ಬಿಟ್ಟು ತಣಿಸೋದು ಹೊಸದಲ್ಲವಂತೆ. ಇಪ್ಪತ್ತೈದು ವರ್ಷದ ಹಿಂದೆಯೇ ಇಂಗ್ಲೆಂಡಿನಲ್ಲಿ ಒಬ್ಬರು ಬರೆದಿದ್ದಾರೆ. ಅದರ ನಕಲೂ ಇಟ್ಟಿದ್ದಾರೆ ನೋಡಿ. ಅವರದ್ದು ಕೊಳಾಯಿ, ನಿಮ್ಮದು ಮಡಕೆ. ಅಷ್ಟೇ ವ್ಯತ್ಯಾಸ ಅಂತಾರೆ.”

ಗಂಗುಲಪ್ಪನಿಗೆ ರೇಗಿತು. “ಅವ್ರು ಯಾವತ್ತಾದ್ರೂ ತಗಡು ಎಳ್ದವ್ರಾ ಮೇಷ್ಟ್ರೇ? ಫ್ಯಾನ್ ಕೆಳಗೆ ಕೂತ್ಕೊಂಡು ಬರೆದ್ಬಿಟ್ರೆ ಆಯ್ತಾ? ಇಂಗ್ಲೆಂಡಿನೋನನ್ನ ನಾನು ಕನಸಲ್ಲೂ ಕಂಡಿಲ್ಲ.”

“ನೀವು ಕದ್ದಿದ್ದೀರಿ ಅಂತ ಅವರು ಹೇಳಿಲ್ಲ. ಮೊದಲೇ ಇತ್ತು ಅಂತ ಮಾತ್ರ ಹೇಳಿದ್ದಾರೆ. ತಾಳಿ, ಇನ್ನೂ ಇದೆ. ಒಂದು ಪ್ರಶ್ನೆ ಕೇಳಿದ್ದಾರೆ.” ಕೋನಪ್ಪನವರು ನಿಧಾನವಾಗಿ ಓದಿದರು. ಏಳು ಮಡಕೆಗಳಲ್ಲಿ ಯಾವುದರ ನೀರು ಬಿಡಬೇಕೆಂಬುದು ಕೆಲಸಗಾರನಿಗೆ ಹೇಗೆ ತಿಳಿಯುತ್ತದೆ? ಕಣ್ಣಿಗೆ ಕಾಣುವಷ್ಟು ಹೊಟ್ಟೆ ಬಂದ ಮೇಲೆ ನೀರು ಬಿಟ್ಟರೆ ಆ ತಗಡು ಆಗಲೇ ಕೆಟ್ಟಿರುತ್ತದೆ. ಅದಕ್ಕೆ ಮುಂಚೆಯೇ ತಿಳಿಯುವ ದಾರಿಯಿದ್ದರೆ ಅರ್ಜಿದಾರರು ಅದನ್ನು ಬರೆದಿಲ್ಲ. ಬರೆಯದಿದ್ದರೆ ಇದೇ ಕಸುಬಿನ ಇನ್ನೊಬ್ಬನು ಈ ಹಾಳೆಗಳನ್ನು ಓದಿ ಮಟ್ಟಸವಾದ ತಗಡು ಮಾಡಲಾರ.

“ಹೇಗೆ ತಿಳಿಯುತ್ತೆ ನಿಮಗೆ?” ಎಂದು ಮೇಷ್ಟ್ರು ಕೇಳಿದರು.

“ಕೈಗೆ ತಿಳಿಯುತ್ತೆ.”

“ಕೈಗೆ ತಿಳಿಯುತ್ತೆ ಅಂತ ಬರೆದರೆ ಒಪ್ಪೋದಿಲ್ಲ ಗಂಗುಲಪ್ಪ.”

ಕೈಗೆ ತಿಳಿಯುತ್ತದೆ ಎನ್ನುವುದು ನಿಜವಲ್ಲವೆಂದು ಗಂಗುಲಪ್ಪನಿಗೆ ಗೊತ್ತಿತ್ತು. ಉರುಳೆಯಿಂದ ತಗಡು ಹೊರಬರುವ ಕಡೆ ಒಂದು ಅಡ್ಡಪಟ್ಟಿಗೆ ಏಳು ತೆಂಗಿನಗರಿ ಕಡ್ಡಿಗಳನ್ನು ಇಳಿಬಿಟ್ಟಿದ್ದ. ಕಡ್ಡಿಗಳ ತುದಿ ತಗಡಿನ ಮೇಲೆ ಮೆಲ್ಲಗೆ ಕೂತಿರುತ್ತಿತ್ತು. ತಗಡು ಬಿಗಿಯಾಗಿರುವ ಕಡೆ ಕಡ್ಡಿ ಸುಮ್ಮನೆ ಜಾರುತ್ತಿತ್ತು. ಸಡಿಲವಾಗತೊಡಗಿದ ಕಡೆ, ಕಣ್ಣಿಗೆ ಏನೂ ಕಾಣುವ ಮೊದಲೇ, ಟಕಟಕನೆ ಕುಣಿಯುತ್ತಿತ್ತು. ಆ ಜಾಗದ ಮಡಕೆಯ ತೂತು ತೆರೆದರೆ ಆಯಿತು.

ಮೇಷ್ಟ್ರು ಷೆಡ್ಡಿಗೆ ಬಂದ ಸಂಜೆ ಉರುಳೆ ನಿಂತಿತ್ತು, ಅಡ್ಡಪಟ್ಟಿಯನ್ನು ಬಿಚ್ಚಿ ಮೂಲೆಗೆ ಒರಗಿಸಿದ್ದರು. ಅವನೂ ಹೇಳಿರಲಿಲ್ಲ. ಹೇಳದಿರಲು ಕಾರಣವಿತ್ತು.

ಐದು ವರ್ಷದ ಹಿಂದೆ ಆ ಷೆಡ್ಡಿನಲ್ಲಿ ಅಕ್ಕಯಮ್ಮ ಎನ್ನುವ ಹೆಂಗಸು ಕೆಲಸಕ್ಕಿದ್ದಳು. ಹೊರಬರುವ ತಗಡಿನ ಮೇಲೆ ಎಣ್ಣೆ ಹೀರುವ ಭತ್ತದ ಹೊಟ್ಟು ಉದುರಿಸಿ, ಪೊರಕೆಯಿಂದ ಎಣ್ಣೆಪಸೆ ಗುಡಿಸುವುದು ಅವಳ ಕೆಲಸ. ಗುಡಿಸುತ್ತ ಗುಡಿಸುತ್ತ ಪೊರಕೆಯ ಕಡ್ಡಿಗಳು ಒಂದೊಂದು ಕಡೆ ಕುಣಿಯುವುದನ್ನು ಅವಳು ಗಮನಿಸಿದ್ದಳು. “ಮೇಸ್ತ್ರಿ, ನಡುವೆ ಕಡ್ಡಿ ಕುಣೀತೈತೆ, ಇನ್ನೇನು ಹೊಟ್ಟೆ ಬರ್ತೈತೆ ನೋಡ್ರಿ” ಎನ್ನುತ್ತಿದ್ದಳು. ಹೇಳಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ಬಂದೇ ಬರುತ್ತಿತ್ತು. ಒಂದು ದಿನ ಶಿಡ್ಲಘಟ್ಟದ ದೊಡ್ಡ ಬೇಡಿಕೆಯ ತಗಡು ಎಳೆಯುತ್ತಿದ್ದರು. ಅಕ್ಕಯಮ್ಮ ಮೂರು ಸಲ ಹೇಳಿದಳು. ಗಂಗುಲಪ್ಪ ಅವಸರದಲ್ಲಿದ್ದ, ಉರುಳೆ ನಿಲ್ಲಿಸಲಿಲ್ಲ. ಗಾಡಿ ತುಂಬ ಹೋದ ತಗಡು ಮೂರನೇ ದಿನ ಹಾಗೇ ವಾಪಸ್ಸು ಬಂತು. ಯಜಮಾನರು ಕಾರಣ ಕೇಳಿದಾಗ ಗಂಗುಲಪ್ಪ, “ಈ ಯಮ್ಮ ಎಣ್ಣೆ ಸರಿಯಾಗಿ ಗುಡಿಸ್ಲಿಲ್ಲ, ಅದಕ್ಕೇ ಹಿಂಗಾಯ್ತು” ಎಂದು ಎಲ್ಲರ ಎದುರಿಗೆ ಹೇಳಿಬಿಟ್ಟ. ಅಕ್ಕಯಮ್ಮ ಅವನ ಮುಖವನ್ನೊಮ್ಮೆ ನೋಡಿ, ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಟುಹೋದಳು. ಆಮೇಲೆ ಬರಲಿಲ್ಲ.

ಅವಳು ಹೋದ ತಿಂಗಳಿಗೆ ಅವನು ಕಡ್ಡಿಗಳನ್ನು ಅಡ್ಡಪಟ್ಟಿಗೆ ಕಟ್ಟಿದ. ಮಡಕೆ, ಗೋಣಿತಟ್ಟು ಬಂದದ್ದು ಅದರ ನಂತರ.

ವಾರ ಬಿಟ್ಟು ಗಂಗುಲಪ್ಪ ಮೇಷ್ಟ್ರಿಗೆ ಕಡ್ಡಿಯ ವಿಷಯ ಹೇಳಿದ. ಅಕ್ಕಯಮ್ಮನ ವಿಷಯ ಹೇಳಲಿಲ್ಲ. ಮೇಷ್ಟ್ರಿಗೆ ಖುಷಿಯೋ ಖುಷಿ. “ಇದೇ ಕಣ್ರೀ ಹೊಸದು! ನೀರಲ್ಲ, ಕಡ್ಡಿ! ಇದನ್ನು ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ರಿ?” ಎಂದು ಅಂದೇ ಕೂತು ಹಾಳೆಗಳನ್ನು ತಿದ್ದಿದರು. ಹೊಸ ವಿಷಯ ಸೇರಿದ್ದರಿಂದ ಹೊಸ ಫಾರಮ್ಮೂ ಬೇಕು ಎಂದರು. ಫಾರಮ್ಮಿನ ಕೆಳಗಿದ್ದ ಸಾಲನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದರು: ಇದನ್ನು ನಿಜವಾಗಿ, ಮೊಟ್ಟಮೊದಲು ಕಂಡುಹಿಡಿದವನು ನಾನೇ ಎಂದು ಪ್ರಮಾಣ ಮಾಡುತ್ತೇನೆ.

ಗಂಗುಲಪ್ಪ ಪೆನ್ನು ಹಿಡಿದುಕೊಂಡ. ಹಿಂದೆ ಇದೇ ಸಾಲಿನ ಕೆಳಗೆ ಸಹಿ ಹಾಕಿದಾಗ ಏನೂ ಅನ್ನಿಸಿರಲಿಲ್ಲ. ಮಡಕೆ ಅವನದೇ ಆಗಿತ್ತು. ಈಗ ಪೆನ್ನು ಕೆಳಗಿಟ್ಟ.

“ಮೇಷ್ಟ್ರೇ, ಕಡ್ಡಿ ನಂದಲ್ಲ” ಎಂದ.

ನಡೆದದ್ದನ್ನೆಲ್ಲ ಹೇಳಿದ. ಅಕ್ಕಯಮ್ಮನೂ ಕೋನಪ್ಪನವರೂ ಒಂದೇ ಜಾತಿಯವರು. ಊರಾಚೆಯ ಕೇರಿಯಲ್ಲಿ ಹುಟ್ಟಿ ಬಿ.ಎಸ್ಸಿ. ಮಾಡಿ ಬಂದ ಮೇಷ್ಟ್ರು ಇಂಥ ಕಥೆಗಳನ್ನು ಬಹಳ ಕೇಳಿದ್ದರು. ಸಿಟ್ಟಿನ ಮಾತು ಬರುತ್ತದೆಂದು ಗಂಗುಲಪ್ಪ ಕಾದ. ಬರಲಿಲ್ಲ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

“ಹಾಗಾದರೆ ಇದಕ್ಕೆ ಸಹಿ ಹಾಕಬೇಡಿ” ಎಂದರು. “ಇಬ್ಬರ ಹೆಸರಲ್ಲಿ ಹಾಕಬಹುದು. ಆಯಮ್ಮ ಒಪ್ಪಬೇಕು. ಕಲ್ಕತ್ತಕ್ಕೆ ಉತ್ತರ ಕಳಿಸೋ ಗಡುವು ಮುಗಿಯೋಕೆ ಇನ್ನು ಎರಡೇ ತಿಂಗಳಿದೆ.”

ಅಕ್ಕಯಮ್ಮ ಈಗ ಚಿಕ್ಕಬಳ್ಳಾಪುರದ ಹತ್ತಿರ ಕಳವಾರದಲ್ಲಿ ಮಗಳ ಮನೆಯಲ್ಲಿದ್ದು ನಂದಿಯ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಾಳೆಂದು ವಿಚಾರಿಸಿ ತಿಳಿದುಕೊಂಡರು. ಒಂದು ಭಾನುವಾರ ಇಬ್ಬರೂ ಸಣ್ಣ ರೈಲು ಹತ್ತಿ ಚಿಕ್ಕಬಳ್ಳಾಪುರದಲ್ಲಿ ಇಳಿದು, ಬೆಟ್ಟವನ್ನು ಎದುರಿಗಿಟ್ಟುಕೊಂಡು ಕಳವಾರಕ್ಕೆ ನಡೆದರು. ಅಕ್ಕಯಮ್ಮ ಮನೆಯ ಮುಂದೆ ಅವರೆಕಾಯಿ ಬಿಡಿಸುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು. ಮೇಸ್ತ್ರಿಯನ್ನು ಕಂಡು ಎದ್ದು ನಿಂತಳು. ಬನ್ನಿ ಎನ್ನಲಿಲ್ಲ.

ಮೇಷ್ಟ್ರು ವಿಷಯವನ್ನೆಲ್ಲ ಬಿಡಿಸಿ ಹೇಳಿದರು. ಅವಳು ಕೇಳಿಸಿಕೊಂಡು ಗಂಗುಲಪ್ಪನ ಕಡೆ ತಿರುಗಿದಳು.

“ಕಲ್ಕತ್ತದೋರಿಗೆ ನನ್ನ ಹೆಸರು ಹೆಂಗೆ ಗೊತ್ತಾಯ್ತು?”

“ಗೊತ್ತಿಲ್ಲ ಅವ್ರಿಗೆ. ಕಡ್ಡೀದು ಕೇಳವ್ರೆ ಅಷ್ಟೇ.”

“ಮತ್ತೆ ನೀವೇ ಬರ್ಕೋಬೋದಿತ್ತಲ್ಲ ಮೇಸ್ತ್ರಿ. ಯಾರು ಬಂದು ಕೇಳ್ತಿದ್ರು?”

“ಬರ್ಕೊಳ್ಳಕ್ಕೆ ಆಗ್ಲಿಲ್ಲ” ಎಂದ ಗಂಗುಲಪ್ಪ.

ಅಕ್ಕಯಮ್ಮ ಮತ್ತೆ ಕೂತು ನಾಲ್ಕು ಕಾಯಿ ಬಿಡಿಸಿದಳು. ಆಮೇಲೆ ಹೇಳಿದಳು: “ಹೆಸರು ಹಾಕಿ, ಬೇಡ ಅನ್ನಲ್ಲ. ಆದ್ರೆ ಅದಕ್ಕೂ ಮುಂಚೆ ಒಂದಾಗ್ಬೇಕು. ಅವತ್ತು ಅಷ್ಟೂ ಜನದ ಮುಂದೆ ನಂದು ತಪ್ಪು ಅಂದ್ರಲ್ಲ, ಅಷ್ಟೂ ಜನದ ಮುಂದೆ ನಂದಲ್ಲ ಅನ್ನಿ. ನಾನು ಬಂದು ಕೇಳಿಸ್ಕೋತೀನಿ.”

ವಾಪಸ್ಸು ಬರುವಾಗ ರೈಲಿನಲ್ಲಿ ಗಂಗುಲಪ್ಪನಿಗೆ ಅದೇ ಯೋಚನೆ. ಮೇಸ್ತ್ರಿಯ ಮಾತೆಂದರೆ ಷೆಡ್ಡಿನಲ್ಲಿ ಕೊನೆಯ ಮಾತು. ಆ ಮಾತು ಒಮ್ಮೆ ಸುಳ್ಳೆಂದಾದರೆ ನಾಳೆ ಯಾರು ಕೇಳುತ್ತಾರೆ? ಯಜಮಾನರು ಏನೆಂದಾರು? ಅವನಿಗೆ ಭಯವಾಗಿತ್ತು, ಅದನ್ನು ಅವನು ಮೇಷ್ಟ್ರಿಗೂ ಹೇಳಲಿಲ್ಲ.

ಗುರುವಾರ ಅಕ್ಕಯಮ್ಮ ಬಂದಳು. ಷೆಡ್ಡಿನ ಒಳಕ್ಕೆ ಬರದೆ ಬಾಗಿಲಲ್ಲೇ ನಿಂತಳು. ಗಂಗುಲಪ್ಪ ಉರುಳೆ ತಿರುಗಿಸುವ ಎಂಜಿನ್ ನಿಲ್ಲಿಸಿದ. ಸದ್ದು ನಿಂತದ್ದಕ್ಕೆ ಯಜಮಾನರು ಎದ್ದು ಬಂದರು. ಕೆಲಸದವರು ಒಂಬತ್ತು ಜನ ಕೈ ಒರೆಸಿಕೊಳ್ಳುತ್ತ ನೋಡಿದರು.

“ಅವತ್ತು ಶಿಡ್ಲಘಟ್ಟದ ಮಾಲು ವಾಪಸ್ಸು ಬಂತಲ್ಲ” ಎಂದ ಗಂಗುಲಪ್ಪ. “ಅದು ಅಕ್ಕಯಮ್ಮನ ತಪ್ಪಲ್ಲ. ಹೊಟ್ಟೆ ಬರ್ತೈತೆ ಅಂತ ಅವಳು ಮೂರು ಸಲ ಹೇಳಿದ್ಲು. ನಾನು ಉರುಳೆ ನಿಲ್ಲಿಸ್ಲಿಲ್ಲ. ತಪ್ಪು ನಂದು, ಹೇಳಿದ್ದು ಸುಳ್ಳು. ಇವಾಗ ನಾವು ಕಟ್ಟಿರೋ ಕಡ್ಡೀನೂ ಅವಳು ಕಂಡಿದ್ದು.”

“ಏಮಯ್ಯಾ ಗಂಗುಲಪ್ಪ, ಹಳೇ ಮಾತು ಇವಾಗ್ಯಾಕೆ?” ಎಂದರು ಮುನಿಶಾಮಪ್ಪನವರು. ಅವರಿಗೆ ನಿಂತ ಎಂಜಿನ್ನಿನ ಚಿಂತೆ.

“ಹೇಳ್ಬೇಕಿತ್ತು ಯಜಮಾನ್ರೇ.”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಅಕ್ಕಯಮ್ಮ ನಗಲಿಲ್ಲ. “ಆಯ್ತು” ಎಂದು ಸೆರಗು ಸರಿಮಾಡಿಕೊಂಡು, ಮೇಷ್ಟ್ರ ಮನೆ ಯಾವ ಕಡೆ ಎಂದು ಕೇಳಿದಳು.

ಸಂಜೆ ಜಗಲಿಯಲ್ಲಿ ಮೇಷ್ಟ್ರು ತಿದ್ದಿದ ಹಾಳೆಗಳನ್ನು ಒಂದೊಂದು ವಾಕ್ಯವಾಗಿ ಕನ್ನಡದಲ್ಲಿ ಓದಿ ಹೇಳಿದರು. ‘ಬಿದಿರಿನ ತೆಳು ಕಡ್ಡಿಗಳನ್ನು’ ಎಂದು ಬಂದಾಗ ಅಕ್ಕಯಮ್ಮ ತಡೆದಳು.

“ಬಿದಿರು ಅಂತ ಯಾರು ಹೇಳಿದ್ರು? ಬಿದಿರು ಭಾರ. ಹೊಟ್ಟೆ ಶುರುವಾಗೋದು ಅದಕ್ಕೆ ತಿಳಿಯಲ್ಲ. ತೆಂಗಿನಗರಿ ಕಡ್ಡಿ, ಅದೂ ಚೆನ್ನಾಗಿ ಒಣಗಿದ್ದು. ನೆಟ್ಟಗೆ ನಿಲ್ಲಿಸ್ಬಾರ್ದು, ತಗಡು ಹೋಗೋ ಕಡೆಗೆ ವಾಲಿರ್ಬೇಕು. ಇಲ್ದಿದ್ರೆ ಗೀಚ್ತೈತೆ.”

“ತೆಂಗು ಅಂತಾನೇ ನಾನು ಹೇಳಿದ್ದೆ ಮೇಷ್ಟ್ರೇ” ಎಂದ ಗಂಗುಲಪ್ಪ. ಮೇಷ್ಟ್ರು, ತೆಂಗಿನಗರಿ ಕಡ್ಡಿಗೆ ಇಂಗ್ಲಿಷಿನಲ್ಲಿ ಸರಿಯಾದ ಮಾತು ಸಿಗದೆ ಬಿದಿರು ಎಂದು ಬರೆದಿದ್ದಾಗಿ ಒಪ್ಪಿಕೊಂಡು, ಹೊಡೆದುಹಾಕಿ ಬೇರೆ ಬರೆದರು. ಎಷ್ಟು ವಾಲಿರಬೇಕು ಎಂದು ಕೇಳಿದರು. ಅಕ್ಕಯಮ್ಮ ಅಂಗೈಯನ್ನು ಓರೆಯಾಗಿ ಹಿಡಿದು ತೋರಿಸಿದಳು. ಅದನ್ನು ಕೋನಮಾಪಕದಿಂದ ಅಳೆದು ಬರೆದುಕೊಂಡರು. ಹೊಸ ಫಾರಮ್ಮಿಗೆ ಅವನು ಸಹಿ ಹಾಕಿದ, ಅವಳು ಹೆಬ್ಬೆಟ್ಟು ಒತ್ತಿದಳು.

ಕಲ್ಕತ್ತದಿಂದ ಈ ಸಲ ಆರು ವಾರಕ್ಕೇ ಉತ್ತರ ಬಂತು. ನೀರಿನ ಮೇಲಿನ ಹಕ್ಕನ್ನು ಕೊಡಲಾಗುವುದಿಲ್ಲ, ಆ ಸಾಲನ್ನು ತೆಗೆಯಬೇಕು. ಕಡ್ಡಿಯಿಂದ ಸಡಿಲ ಜಾಗವನ್ನು ತಿಳಿದು ಆ ಜಾಗದಲ್ಲೇ ಉರುಳೆಯನ್ನು ತಣಿಸುವ ವಿಧಾನ ಹಿಂದೆ ಎಲ್ಲೂ ಸಿಗಲಿಲ್ಲ, ಅದನ್ನು ಒಪ್ಪಬಹುದು. ಆದರೆ ಅದನ್ನು ತಡವಾಗಿ ಹೇಳಿದ್ದರಿಂದ ಅರ್ಜಿಯ ತಾರೀಖು ಮೊದಲಿನದಲ್ಲ, ಈ ತಿದ್ದುಪಡಿಯ ದಿನದ್ದು. ಗಂಗುಲಪ್ಪ ಎಲ್ಲಕ್ಕೂ ಒಪ್ಪಿಗೆ ಬರೆಸಿದ. ಮಡಕೆಗಳು ಹೋದದ್ದಕ್ಕೆ ಎರಡು ದಿನ ಬೇಜಾರಿತ್ತು. ಗೆಜೆಟ್ಟಿನಲ್ಲಿ ಪ್ರಕಟವಾಗಿ ನಾಲ್ಕು ತಿಂಗಳು ಕಳೆದರೂ ಯಾರೂ ತಕರಾರು ಮಾಡಲಿಲ್ಲ. ಅರವತ್ತೆರಡರಲ್ಲಿ ಇಬ್ಬರ ಹೆಸರಿನ ಪತ್ರ, ಮೊಹರು ಬಿದ್ದು, ಬಂತು.

ಷೆಡ್ಡಿನಲ್ಲಿ ಗಂಗುಲಪ್ಪ ಹೆದರಿದ್ದು ಅರ್ಧ ನಿಜವಾಯಿತು. ಕೆಲವು ದಿನ ಹುಡುಗರು ಅವನನ್ನು ಹಿಂದಿನಿಂದ ಕಡ್ಡಿ ಮೇಸ್ತ್ರಿ ಎಂದರು. ಅವನು ಏನಾದರೂ ಹೇಳಿದರೆ ತಿರುಗಿ ಕೇಳುವುದನ್ನೂ ಕಲಿತರು. ಕೇಳಿದವರಿಗೆ ಅವನು ಕಾರಣ ಹೇಳತೊಡಗಿದ. ಮುನಿಶಾಮಪ್ಪನವರು ಅಕ್ಕಯಮ್ಮನಿಗೆ ಕೆಲಸಕ್ಕೆ ವಾಪಸ್ಸು ಬರುವಂತೆ ಹೇಳಿ ಕಳಿಸಿದರು. ಅವಳು ಬರಲಿಲ್ಲ. ಗೌರಿಬಿದನೂರಿನಲ್ಲಿ ಹೊಸದಾಗಿ ತಗಡಿನ ಷೆಡ್ಡು ಹಾಕಿದವರೊಬ್ಬರು ಗೆಜೆಟ್ಟು ನೋಡಿ ಅನುಮತಿ ಕೇಳಿಕೊಂಡು ಬಂದಾಗ, ಕಲಿಸಿಕೊಡುವುದಕ್ಕೆ ಅಲ್ಲಿಗೆ ಹೋದಳು. ನಾಲ್ಕು ಜನ ಹೆಂಗಸರನ್ನು ತಯಾರು ಮಾಡಿದಳು. ಅಲ್ಲಿ ಅವಳನ್ನೇ ಮೇಸ್ತ್ರಮ್ಮ ಎನ್ನುತ್ತಿದ್ದರಂತೆ.

ಅರವತ್ತಾರರಲ್ಲಿ ಮುನಿಶಾಮಪ್ಪನವರು ಅಲ್ಯೂಮಿನಿಯಂ ತಗಡಿಗೆ ಇಳಿದರು, ಬಿರುಸಾಗಿ ಓಡುವ ಹೊಸ ಉರುಳೆ ತಂದರು. ಆ ವೇಗಕ್ಕೆ ಏಳು ಕಡ್ಡಿಗಳೂ ಒಟ್ಟಿಗೇ ಕುಣಿದವು. ಯಾವುದು ನಿಜ, ಯಾವುದು ಸುಳ್ಳು ಎಂದು ತಿಳಿಯದಾಯಿತು. ಗಂಗುಲಪ್ಪ ಗೌರಿಬಿದನೂರಿಗೆ ಕಾಗದ ಬರೆಸಿದ. ಅಕ್ಕಯಮ್ಮ ಬಂದು ನಾಲ್ಕು ದಿನ ಇದ್ದಳು. ಇಬ್ಬರೂ ಸೇರಿ ಕಡ್ಡಿ ಮೊಟಕು ಮಾಡಿ ನೋಡಿದರು, ತುದಿಗೆ ಬಟ್ಟೆ ಸುತ್ತಿ ನೋಡಿದರು, ಕುದುರೆಯ ಬಾಲದ ಕೂದಲು ಕಟ್ಟಿ ನೋಡಿದರು. ಯಾವುದೂ ಆಗಲಿಲ್ಲ.

“ಇದಕ್ಕೆ ಬೇರೇನೋ ಬೇಕು ಕಣಪ್ಪ, ನನ್ನ ಕೈಲಾಗಲ್ಲ” ಎಂದು ಮೊದಲು ಹೇಳಿದವಳು ಅವಳೇ.

“ನನ್ನ ಕೈಲೂ ಆಗಲ್ಲ” ಎಂದ ಗಂಗುಲಪ್ಪ.

ಆ ನಾಲ್ಕೂ ದಿನ ಅವಳ ಊಟ ಅವನ ಮನೆಯಲ್ಲೇ, ನಡುಮನೆಯಲ್ಲಿ ಎಲ್ಲರ ಸಾಲಿನಲ್ಲೇ ಆಯಿತು. ಮೊದಲ ದಿನ ಅವನ ತಾಯಿ ಏಳದೆ ಕೋಣೆಯಲ್ಲೇ ಮಲಗಿದ್ದಳು. ಮೂರನೇ ದಿನ ತಾನೇ ಬಂದು ಮುದ್ದೆ ಬಡಿಸಿದಳು. ಸೋಮವಾರ ಬೆಳಿಗ್ಗೆ ಗಂಗುಲಪ್ಪ ಅಕ್ಕಯಮ್ಮನನ್ನು ಸ್ಟೇಷನ್ನಿನವರೆಗೆ ಬಿಟ್ಟು, ರೈಲು ಹೊರಟ ಮೇಲೆ ಷೆಡ್ಡಿಗೆ ನಡೆದ.