ಬಾಗಿಲಲ್ಲಿ ಹಿಡಿಸದ ರೈಲು

ಬಟ್ಟೆ ಅಂಗಡಿಯಲ್ಲಿ ಜೀವಮಾನವಿಡೀ ಮೀಟರುಕೋಲು ಹಿಡಿದು ನಿಂತ ಮನುಷ್ಯ, ತನ್ನ ಮನೆಯ ಬಾಗಿಲನ್ನು ಒಂದೇ ಒಂದು ಸಲ ಅಳೆಯಲಿಲ್ಲ. ಗಿರಾಕಿಗೆ ಎರಡು ಬೆರಳು ಬಟ್ಟೆ ಹೆಚ್ಚು ಹೋಯಿತೆಂದರೆ ಊಟ ಸೇರದ ಆಸಾಮಿ ಅವನು. ಅಂಥವನು ಒಳಕೋಣೆಯಲ್ಲಿ ಪ್ಲೈವುಡ್ಡಿಗೆ ಪ್ಲೈವುಡ್ಡು ಜೋಡಿಸಿ, ಅಡಿಗೆ ಮರದ ಪಟ್ಟಿ ಹೊಡೆದು, ಮೇಲೆ ಹಳಿ ಹಾಸಿ, ಸ್ಟೇಷನ್ನು ಕಟ್ಟಿ, ಗುಡ್ಡ ಎಬ್ಬಿಸಿ, ಗುಡ್ಡಕ್ಕೆ ಸುರಂಗ ಕೊರೆದು, ಎಲ್ಲಾ ಆದ ಮೇಲೆ ಒಂದು ದಿನ ಬಾಗಿಲ ಕಡೆ ತಿರುಗಿ ನೋಡಿದ.

"ಇದು ಹೊರಗೆ ಹೋಗಲ್ಲ, ಅಲ್ವಾ?" ಅಂದ.

"ಅವಳ್ಯಾಕೆ ಹೋಗ್ತಾಳೆ? ಸವತಿ ಅಂದ್ಮೇಲೆ ಮನೇಲೇ ಇರ್ತಾಳೆ. ಹೋಗೋದಿದ್ರೆ ನಾನೇ ಹೋಗ್ಬೇಕು," ಅಂದಳು ಹೆಂಡತಿ.

ಆ ಪುಟಾಣಿ ರೈಲನ್ನು ಅವಳು ಸವತಿ ಅಂತಲೇ ಕರೆಯುತ್ತಿದ್ದಳು. ಹಾಗೆಂದು ಸವತಿಯ ಮೇಲೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಗುಡ್ಡಕ್ಕೆ ಬೇಕಾದ ಪ್ಲಾಸ್ಟರು ತಂದುಕೊಟ್ಟವಳೇ ಅವಳು. ಅವಳದು ಕಟ್ಟುಹಲ್ಲು ಮಾಡುವ ಕೆಲಸ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದರ ಮೇಲೆ ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಸೆಟ್ಟು ತಯಾರು ಮಾಡುವ ಸಣ್ಣ ಕಾರ್ಖಾನೆಯಲ್ಲಿ ಅವಳೇ ಹಿರಿಯಳು. ಬೀದಿಯವರ ಬಾಯಲ್ಲಿ ಹಲ್ಲಕ್ಕ. ಬೀದಿಯವರ ಬಾಯಲ್ಲಿ ಎಂಬುದನ್ನು ಎರಡೂ ಅರ್ಥದಲ್ಲಿ ತೆಗೆದುಕೊಳ್ಳಬಹುದು, ಅಲ್ಲಿನ ಮುದುಕರು ನಕ್ಕರೆ ಕಾಣುವುದು ಮುಕ್ಕಾಲು ಪಾಲು ಅವಳ ಕೈಕೆಲಸವೇ. ಹಳತಾಗಿ ಗಂಟುಕಟ್ಟಿದ ಪ್ಲಾಸ್ಟರಿನ ಚೀಲ ಮನೆಗೆ ಬಂದಾಗೆಲ್ಲ ಗಂಡನ ಗುಡ್ಡ ಒಂದಿಷ್ಟು ಬೆಳೆಯುತ್ತಿತ್ತು. "ನೋಡ್ತಾ ಇರಿ, ಮಳೆ ಬಿದ್ರೆ ಇದ್ರಲ್ಲಿ ದವಡೆಹಲ್ಲು ಮೊಳೆಯುತ್ತೆ," ಅನ್ನುತ್ತಿದ್ದಳು.

ಗಂಡನಿಗೆ ಒಂದೇ ಕೊರಗು. ರೈಲು ಸ್ಟೇಷನ್ನಿಂದ ಹೊರಟು, ಸುರಂಗ ದಾಟಿ, ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ವಾಪಸ್ಸು ಬರಬೇಕಾದರೆ ಏಡಿಯ ಹಾಗೆ ಹಿಂದುಹಿಂದಕ್ಕೇ ಬರಬೇಕು. ಇಲ್ಲವೇ ಇಂಜಿನ್ನನ್ನು ಕೈಯಲ್ಲೆತ್ತಿ ತಿರುಗಿಸಿಡಬೇಕು. "ಇದು ಮರ್ಯಾದೆಯ ರೈಲಲ್ಲ," ಅನ್ನುತ್ತಿದ್ದ. ಅದಕ್ಕೇ ಗೋಡೆಯ ಹತ್ತಿರ ಹಳಿಯನ್ನು ದುಂಡಗೆ ಬಗ್ಗಿಸಿ ತಂದು, ಹೊರಟ ಹಳಿಗೇ ಮತ್ತೆ ಕೂಡಿಸುವ ಯೋಚನೆ ಮಾಡಿದ. ರೈಲು ಆ ಸುತ್ತು ಹಾಕಿದರೆ ಸಾಕು, ಮೂತಿ ಮುಂದಿಟ್ಟುಕೊಂಡೇ ಮನೆಗೆ ಬರುತ್ತದೆ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಸುತ್ತಿನ ಕೊನೆಯ ತುಂಡು ಹಳಿ ಕೂಡಿಸಿದ್ದೇ ತಡ, ಕರೆಂಟಿನ ಡಬ್ಬಿ ಟಕ್ಕೆಂದು ಕೆಂಪು ದೀಪ ತೋರಿಸಿ ಎಲ್ಲವನ್ನೂ ನಿಲ್ಲಿಸಿಬಿಡುತ್ತಿತ್ತು. ಹಳಿಗೆ ಧೂಳು ಕೂತಿದೆ ಅಂದ. ಚಕ್ರಕ್ಕೆ ಜಿಡ್ಡು ಹಿಡಿದಿದೆ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಡಬ್ಬಿಯದೇ ತಪ್ಪೆಂದು ಇನ್ನೊಂದು ಡಬ್ಬಿ ತಂದ. ಅದೂ ಟಕ್ಕೆಂದಿತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಹಿಡಿದು ಹಳಿ ಒರೆಸುವುದೇ ಅವನ ಕೆಲಸವಾಯಿತು.

ಹಾಗೆ ಒರೆಸುತ್ತಿದ್ದವನು ಒಂದು ಮಂಗಳವಾರ ಅಂಗಡಿಯಲ್ಲಿ ಪರದೆ ಬಟ್ಟೆಯ ಥಾನು ಬಿಚ್ಚಿ ಹರಡುತ್ತಿರುವಾಗ ಅದರ ಮೇಲೆಯೇ ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಹಲ್ಲಕ್ಕ ಅಳಲಿಲ್ಲ. ಮೊದಲ ದಿನ ಅಳಲಿಲ್ಲ ಅಂದರೆ ಗರ ಬಡಿದಿದೆ ಅಂತ ಜನ ಕನಿಕರಪಟ್ಟರು. ಆಮೇಲೂ ಅಳದಿದ್ದಾಗ ಕಲ್ಲುಮನಸ್ಸು ಅಂತ ಮೂಗು ಮುರಿದರು. ವಸಡಿಗೆ ಸೂಜಿ ಹಾಕಿಸಿಕೊಂಡವರು ಕೆನ್ನೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಇದು ನಂದೇನಾ ಅಂತ, ಅವಳ ಸ್ಥಿತಿ ಹಾಗಿತ್ತು. ಎದ್ದಳು, ಕೆಲಸಕ್ಕೆ ಹೋದಳು, ಹಲ್ಲು ಕೂರಿಸಿದಳು, ಬಂದಳು, ಇಬ್ಬರಿಗೆ ಆಗುವಷ್ಟು ಅನ್ನ ಮಾಡಿ ಮಿಕ್ಕಿದ್ದನ್ನು ಮರುದಿನ ತಿಂದಳು. ಅವನ ಅಂಗಿಗಳನ್ನು ಮಡಿಸಿ ಕೊಟ್ಟುಬಿಟ್ಟಳು. ಜನರ ಮಾತಿಗೆ ಅವಳು ಹೆದರಿದವಳಲ್ಲ. ಹೆದರಿಕೆ ಬೇರೆಯೇ ಇತ್ತು. ಇಷ್ಟು ವರ್ಷ ಒಂದೇ ತಟ್ಟೆಯ ಆಚೆ ಈಚೆ ಕೂತು ಉಂಡವನು ಹೋದ, ತನಗೆ ಏನೂ ಆಗಲಿಲ್ಲ ಅಂದರೆ ಏನರ್ಥ? ತಾನು ಅವನನ್ನು ಪ್ರೀತಿಸಿಯೇ ಇರಲಿಲ್ಲವೇ? ಬರೀ ಅಭ್ಯಾಸವೇ ಇಷ್ಟು ದಿನ ಸಂಸಾರ ಅಂತ ವೇಷ ಹಾಕಿತ್ತೇ? ಈ ಪ್ರಶ್ನೆಯನ್ನು ಅವಳು ಯಾರಿಗೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಹೇಳಬಲ್ಲವನು ಒಬ್ಬನೇ, ಅವನು ಇರಲಿಲ್ಲ.

ನಾದಿನಿ ಎರಡು ಬೀದಿ ಆಚೆಗೆ ಇದ್ದಳು. ಅಣ್ಣನಿಗಾಗಿ ಅತ್ತು ಅತ್ತು ಮುಖ ಊದಿಸಿಕೊಂಡು, ಅತ್ತದ್ದರಿಂದ ಹಗುರವೂ ಆಗಿ, ಈಗ ಅತ್ತಿಗೆಯನ್ನು ಸರಿಪಡಿಸುವ ಪಣ ತೊಟ್ಟಿದ್ದಳು.

"ಅತ್ತಿಗೆ, ಆ ಕೋಣೇಲಿ ಅದನ್ನ ಇಟ್ಕೊಂಡು ಕೂತ್ರೆ ನಿಮ್ಮ ಬದುಕು ಹಳಿಗೆ ಬರೋದು ಯಾವಾಗ?"

"ಹಳಿ ಎಲ್ಲಾ ಆ ಕೋಣೇಲೇ ಇರೋದು," ಅಂದಳು ಹಲ್ಲಕ್ಕ. ತಮಾಷೆಗೆ ಅಂದದ್ದೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ.

ನಾದಿನಿ ಬಿಡುವವಳಲ್ಲ. ಇಂಥ ರೈಲುಗಳ ಹುಚ್ಚಿನವರದೇ ಒಂದು ಸಂಘವಿದೆಯೆಂದು ಎಲ್ಲಿಂದಲೋ ಪತ್ತೆ ಹಚ್ಚಿ, ಅದರ ಕಾರ್ಯದರ್ಶಿಯನ್ನು ಕರೆದುಕೊಂಡೇ ಬಂದಳು. ಆತ ಮೊಣಕಾಲೂರಿ ಹಲಗೆಯ ಅಡಿಗೆಲ್ಲ ಇಣುಕಿ, ಗುಡ್ಡದ ಮೇಲೆ ಬೆರಳಾಡಿಸಿ, "ಒಳ್ಳೇ ಕೆಲಸ. ಏನು ಪ್ಲಾಸ್ಟರ್ ಇದು?" ಅಂತ ಕೇಳಿದ. ಹಲ್ಲಕ್ಕ ಹೇಳಿದಳು. ಆತ ಬೆರಳನ್ನು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಸುತ್ತಿನ ಕೊನೆಯ ತುಂಡು ಜೋಡಿಸಿ ಗುಂಡಿ ಒತ್ತಿದ. ಟಕ್.

"ಎಲ್ಲೋ ಶಾರ್ಟ್ ಆಗ್ತಿದೆ. ಓಡೋ ಹಾಗಾದ್ರೆ ಇಡೀ ಹಲಗೇನೇ ತಗೊಂಡು ಹೋಗಿ ನಮ್ಮ ಹಾಲ್‌ನಲ್ಲಿ ಇಡ್ತೀವಿ. ಇಲ್ದಿದ್ರೆ ಇಂಜಿನ್ನು, ಬೋಗಿ, ಹಳಿ ಕಿತ್ಕೊಂಡು ಹೋಗ್ತೀವಿ, ಮಿಕ್ಕಿದ್ದು ನೀವು ಒಡೆಸಿಬಿಡಿ."

"ಆಯ್ತು," ಅಂದಳು ಹಲ್ಲಕ್ಕ. ಆ ದಿನಗಳಲ್ಲಿ ಅವಳು ಎಲ್ಲದಕ್ಕೂ ಹಾಗೇ ಅನ್ನುತ್ತಿದ್ದಳು.

ಆದರೂ ಮರುದಿನ ಕೆಲಸದಿಂದ ಬಂದವಳು ಕೈತೊಳೆದು ನೇರ ಒಳಕೋಣೆಗೆ ಹೋದಳು. ಗಂಡನ ಆಸೆ ನೆರವೇರಿಸಬೇಕು ಎಂಬಂಥ ದೊಡ್ಡ ಮಾತೇನೂ ಅವಳ ಮನಸ್ಸಿನಲ್ಲಿರಲಿಲ್ಲ. ಬಾಯಲ್ಲಿ ಸರಿಯಾಗಿ ಕೂರದ ಸೆಟ್ಟನ್ನು ಹಾಗೆಯೇ ಕಳಿಸಿ ಅವಳಿಗೆ ಅಭ್ಯಾಸವಿಲ್ಲ, ಅಷ್ಟೆ. ಮೇಣದ ದೀಪ, ಸಣ್ಣ ಇಕ್ಕುಳ, ತಿರುಗುವ ಬಿಲ್ಲೆಯ ಕೊಯ್ಯುವ ಯಂತ್ರ, ಎಲ್ಲ ಹಲಗೆಯ ಅಂಚಿಗೆ ಬಂದು ಕೂತವು.

ಹಳಿ ಎಂದರೆ ಎರಡು ಕಂಬಿ. ಒಂದರಲ್ಲಿ ಕರೆಂಟು ಹೋಗುತ್ತದೆ, ಇನ್ನೊಂದರಲ್ಲಿ ಬರುತ್ತದೆ. ಇಷ್ಟು ಅವಳಿಗೆ ಗೊತ್ತಿತ್ತು. ಅವನ ಹೊಲಿಗೆ ಡಬ್ಬಿಯಿಂದ ಕೆಂಪು ದಾರ, ನೀಲಿ ದಾರ ತೆಗೆದು, ಒಂದೊಂದು ಕಂಬಿಯ ಮೇಲೆ ಒಂದೊಂದನ್ನು ಸ್ಟೇಷನ್ನಿಂದ ಹಾಸುತ್ತಾ ಹೋದಳು, ಜಾರದಂತೆ ಅಲ್ಲಲ್ಲಿ ಮೇಣದ ಚುಕ್ಕೆ ಇಡುತ್ತಾ. ಸುರಂಗ ದಾಟಿತು, ಗೋಡೆ ಬಂತು, ದುಂಡಗೆ ತಿರುಗಿತು, ವಾಪಸ್ಸು ಬಂದು ಕೂಡಿತು. ಕೂಡಿದಲ್ಲಿ ನೋಡಿದರೆ ಕೆಂಪು ದಾರದ ತುದಿ ನೀಲಿ ದಾರಕ್ಕೆ ಮುಟ್ಟಿಕೊಂಡಿತ್ತು, ನೀಲಿ ಹೋಗಿ ಕೆಂಪಿಗೆ. ಸುತ್ತು ಹಾಕಿ ಬಂದ ಹಳಿಯಲ್ಲಿ ಎಡಗಡೆಯದು ಬಲಗಡೆಗೆ ಬಂದಿತ್ತು, ಕಾರ್ಯದರ್ಶಿ ಹೇಳಿದ ಶಾರ್ಟ್ ಇದೇ. ಧೂಳೂ ಅಲ್ಲ, ಜಿಡ್ಡೂ ಅಲ್ಲ. ಪಾಪದ ಮನುಷ್ಯ ಬೆರಳು ಬಿರಿಯುವ ತನಕ ಒರೆಸಿದ್ದು ಸುಮ್ಮನೆ ದಂಡ.

ಕಾರ್ಯದರ್ಶಿಗೆ ಫೋನು ಮಾಡಿದಳು. ಆತ ಖುಷಿಯಾಗಿ, ಸುತ್ತಿನ ಎರಡು ತುದಿಯಲ್ಲೂ ಕಂಬಿಗಳನ್ನು ಕೊಯ್ದು ಬೇರೆ ಮಾಡಬೇಕು, ಸುತ್ತಿಗೆ ಬೇರೆ ವೈರು ಕೊಡಬೇಕು, ಹೊರಗಿನ ಹಳಿಗೆ ಕರೆಂಟನ್ನು ತಿರುಗುಮುರುಗು ಮಾಡುವ ಆರು ಕಾಲಿನ ಸ್ವಿಚ್ಚು ಹಾಕಬೇಕು ಅಂತ ವಿವರಿಸಿದ. ರೈಲು ಸುತ್ತಿನೊಳಗೆ ಓಡುತ್ತಿರುವಾಗಲೇ ಸ್ವಿಚ್ಚು ತಿರುವಿಬಿಟ್ಟರೆ, ಅದು ಹೊರಗೆ ಬರುವ ಹೊತ್ತಿಗೆ ಹೊರಗಿನ ಎಡ ಬಲ ಅದಲುಬದಲಾಗಿ ಸಿದ್ಧವಾಗಿರುತ್ತದೆ.

ಹಲ್ಲಕ್ಕ ಕೊಯ್ದಳು. ಹಲ್ಲಿನ ಸಂದು ಬಿಡಿಸುವ ಬಿಲ್ಲೆ ಕಂಬಿಯನ್ನು ಬೆಣ್ಣೆಯಂತೆ ಸೀಳಿತು. ಸೀಳಿದ ತುದಿಗಳು ಮತ್ತೆ ತಾಗಬಾರದೆಂದು ನಡುವೆ ಕಟ್ಟುಹಲ್ಲಿನ ವಸಡಿಗೆ ಹಾಕುವ ಗುಲಾಬಿ ಅಂಟು ತುಂಬಿ, ಗಟ್ಟಿಯಾದ ಮೇಲೆ ಕಂಬಿಯ ಮಟ್ಟಕ್ಕೇ ಉಜ್ಜಿದಳು. ಹಳಿಗೆ ನಾಲ್ಕು ಕಡೆ ವಸಡು ಬಂದ ಹಾಗಾಯಿತು. ಅವನಿದ್ದಿದ್ದರೆ ಇದಕ್ಕೊಂದು ಮಾತು ಹೇಳುತ್ತಿದ್ದ ಅಂತ ಅನ್ನಿಸಿತು. ಏನು ಹೇಳುತ್ತಿದ್ದ ಅಂತ ಯೋಚಿಸಿದಳು. ಹೊಳೆಯಲಿಲ್ಲ. ಎದೆಯೊಳಗೆ ಏನಾದರೂ ಕದಲೀತೆಂದು ಕೆಲಸ ನಿಲ್ಲಿಸಿ ಸ್ವಲ್ಪ ಹೊತ್ತು ಕಾದಳು. ಏನೂ ಇಲ್ಲ. ಮತ್ತೆ ಅರ ಹಿಡಿದಳು. ಆಮೇಲೆ ಸುತ್ತಿಗೆ ಬೇರೆ ವೈರು ಎಳೆದು, ಹೊರಗಿನ ಹಳಿಗೆ ಸ್ವಿಚ್ಚು ಕೂರಿಸಿದಳು.

ಭಾನುವಾರ ಬೆಳಿಗ್ಗೆ ಬಡಗಿ ಬಂದ. ನಾದಿನಿಯೇ ಕಳಿಸಿದ್ದು, ಮಧ್ಯಾಹ್ನ ಸಂಘದ ವ್ಯಾನು ಬರುವುದರೊಳಗೆ ಹಲಗೆ ಹೊರಹೋಗಲು ದಾರಿಯಾಗಬೇಕು. ಬಡಗಿ ವಯಸ್ಸಾದವನು, ನಿಧಾನಸ್ಥ. ಬಾಗಿಲು ಅಳೆದ, ಹಲಗೆ ಅಳೆದ, ಮತ್ತೆ ಬಾಗಿಲು ಅಳೆದ.

"ಅಕ್ಕ, ಹಲಗೇನ ಮಧ್ಯಕ್ಕೆ ಕೊಯ್ದುಬಿಡೋಣ್ವಾ?"

"ಗುಡ್ಡ ಬಿರಿಯುತ್ತೆ."

"ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು ಅಂದ್ರೆ ಹೇಗೆ? ಬಾಗಿಲ ಚೌಕಟ್ಟೇ ಕೀಳ್ಬೇಕಾಗುತ್ತೆ. ಗೋಡೇನೂ ಒಂಚೂರು ಹೋಗುತ್ತೆ."

"ಆಯ್ತು, ಕೀಳಿ."

"ಅಳತೆ ಮಾಡದೆ ಕಟ್ಟಿದವರು ಯಾರು ಇದನ್ನ?"

"ಅಳತೆ ಮಾಡೋ ಕೆಲಸದವರೇ," ಅಂದಳು ಹಲ್ಲಕ್ಕ. ಬಡಗಿ ನಗಬೇಕೋ ಬೇಡವೋ ತಿಳಿಯದೆ ಉಳಿ ಹುಡುಕಲು ನಡುಮನೆಗೆ ಹೋದ.

ಅವನು ಅತ್ತ ಚೀಲ ಬಿಚ್ಚಿ ಸಾಮಾನು ಹರವುತ್ತಿದ್ದ ಸದ್ದು ಕೇಳುತ್ತಿತ್ತು. ವ್ಯಾನು ಬರುವ ಮೊದಲು ಒಂದು ಸಲ ಓಡಿಸಿ ನೋಡಿಬಿಡಬೇಕು. ಹಲ್ಲಕ್ಕ ಇಂಜಿನ್ನನ್ನು ಸ್ಟೇಷನ್ನಿನಲ್ಲಿಟ್ಟು, ಹಿಂದೆ ಬೋಗಿಗಳನ್ನು ಕೊಕ್ಕೆಗೆ ಸಿಕ್ಕಿಸಿ, ಗುಂಡಿ ತಿರುಗಿಸಿದಳು. ಕೆಂಪು ದೀಪ ಹತ್ತಲಿಲ್ಲ. ರೈಲು ಗೊರಗುಟ್ಟಿ ಹೊರಟಿತು. ಸುರಂಗ ಹೊಕ್ಕಿತು, ಹೊರಬಂತು. ಗೋಡೆಯ ಹತ್ತಿರ ದುಂಡು ಹಳಿ ಹತ್ತಿತು. ಗುಲಾಬಿ ತೇಪೆಯ ಮೇಲೆ ಮೊದಲ ಚಕ್ರ, ಕೊನೆಯ ಬೋಗಿ, ಎಲ್ಲ ದಾಟಿದವು. ಇಡೀ ರೈಲು ಸುತ್ತಿನೊಳಗೆ ಬಂದಾಗ ಅವಳು ಉಸಿರು ಹಿಡಿದು ಸ್ವಿಚ್ಚು ತಿರುವಿದಳು.

ಇಂಜಿನ್ನು ಬಾಗುತ್ತಾ ಬಾಗುತ್ತಾ ಬಂದು, ಕೂಡುವ ಜಾಗದಲ್ಲಿ ಒಂಚೂರು ತಡವರಿಸಿ, ದಾಟಿಬಿಟ್ಟಿತು. ಮೂತಿ ಮುಂದಿಟ್ಟುಕೊಂಡೇ ಅವಳ ಕಡೆಗೆ ಬರತೊಡಗಿತು.

"ರೀ! ಬನ್ನಿ ಇಲ್ಲಿ, ಬೇಗ! ತಿರುಗ್ತು, ನೋಡಿ ಬನ್ನಿ!"

ನಡುಮನೆಯಲ್ಲಿ ಸಾಮಾನಿನ ಸದ್ದು ನಿಂತಿತು. ಹೆಜ್ಜೆ ಸಪ್ಪಳ ಬಾಗಿಲ ಕಡೆಗೆ ಬಂತು. ಒಂದು ಕ್ಷಣ, ಒಂದೇ ಕ್ಷಣ, ಅವಳ ಮುಖ ಪೂರ್ತಿ ಅರಳಿತು. ಬಾಗಿಲಲ್ಲಿ ಬಡಗಿ ಉಳಿ ಹಿಡಿದು ನಿಂತಿದ್ದ.

"ಕರೆದ್ರಾ ಅಕ್ಕ?"

ತಪ್ಪು ಅವನದ್ದಲ್ಲ. ದಾರಿಹೋಕರನ್ನೂ ಹಾಗೆಯೇ ಕರೆಯುತ್ತಾರೆ, ಅಂಗಡಿಯವನನ್ನೂ, ಬಡಗಿಯನ್ನೂ. ಆದರೆ ಅವಳ ಬಾಯಲ್ಲಿ ಆ ಕೂಗು ಈ ಧ್ವನಿಯಲ್ಲಿ, ಈ ಸಲಿಗೆಯಲ್ಲಿ, ಇದುವರೆಗೆ ಒಬ್ಬನಿಗಷ್ಟೇ ಹೋಗಿತ್ತು. ಹೆಸರು ಹಿಡಿದು ಒಂದು ದಿನವೂ ಕರೆದವಳಲ್ಲ. ಅಡುಗೆಮನೆಯಿಂದ, ಹಿತ್ತಲಿಂದ, ಜ್ವರದ ಹಾಸಿಗೆಯಿಂದ, ಕರೆದದ್ದೆಲ್ಲ ಈ ಒಂದಕ್ಷರದಲ್ಲೇ. ಕರೆದರೆ ಬಾರದೇ ಇದ್ದವನೇ ಅಲ್ಲ ಅವನು. ಗೊಣಗಿಕೊಂಡಾದರೂ ಬರುತ್ತಿದ್ದ.

"ಅಲ್ಲ," ಅಂದಳು. ಮತ್ತೆ ಅಂದಳು: "ನಿಮ್ಮನ್ನಲ್ಲ. ಅವರನ್ನ."

"ಯಾರನ್ನ?" ಬಡಗಿ ಹಿಂದೆ ತಿರುಗಿ ನಡುಮನೆಯನ್ನೆಲ್ಲ ನೋಡಿದ. ಯಾರೂ ಇರಲಿಲ್ಲ. ಈ ಕಡೆ ತಿರುಗುವಷ್ಟರಲ್ಲಿ ಹಲ್ಲಕ್ಕ ಹಲಗೆಯ ಅಂಚು ಹಿಡಿದುಕೊಂಡೇ ನೆಲಕ್ಕೆ ಕುಸಿದಿದ್ದಳು. ಬಾಯಿ ತೆರೆದು, ಸೆರಗನ್ನೂ ಅಡ್ಡ ಹಿಡಿಯದೆ, ಚಿಕ್ಕ ಮಕ್ಕಳು ಅಳುವ ಹಾಗೆ ಜೋರಾಗಿ ಅಳುತ್ತಿದ್ದಳು. ನೋವು ಹಲ್ಲು ಹಲ್ಲಿಗೂ ಹತ್ತಿತ್ತು, ಅಷ್ಟು ನೋವು. ಇಷ್ಟು ದಿನ ಎಲ್ಲಿತ್ತೋ ಇದು, ಇತ್ತಲ್ಲ, ಇದ್ದೇ ಇತ್ತಲ್ಲ ಅಂತ ಆ ನೋವಿನ ನಡುವೆಯೂ ಅವಳಿಗೆ ಅನ್ನಿಸಿತು.

ಬಡಗಿ ಉಳಿಯನ್ನು ಕೆಳಗಿಟ್ಟ. ಹೊಸಿಲ ಆಚೆ ಅವಳಿಗೆ ಬೆನ್ನು ಮಾಡಿ ಕೂತು, ಅವಳು ಅತ್ತು ಮುಗಿಸುವ ತನಕ ಕಾದ.