ಮ್ಯಾನ್ಯುಯಲ್ ಮಾಮ

ಯಾವ ಕೋಣೆಗೆ ಹೋಗುವಾಗಲೂ ಅವರು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಬಲಗೈಯನ್ನು ಮುಂದೆ ಚಾಚಿ, ಅಂಗೈಯನ್ನು ಮೇಲೆ ಕೆಳಗೆ ಮಗುಚಿ ನೋಡಿಕೊಳ್ಳುತ್ತಿದ್ದರು. ಮಳೆ ಹನಿಯುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸುವವರಂತೆ ಕಾಣುತ್ತಿದ್ದ ಆ ಭಂಗಿಗೆ ಹೊಸಬರು ನಗುತ್ತಿದ್ದರು. ಹಳಬರಿಗೆ ಗೊತ್ತಿತ್ತು, ಅವರು ಅಳೆಯುತ್ತಿದ್ದದ್ದು ಬೆಳಕನ್ನು. ಕೈಯ ಮೇಲೆ ಬಿದ್ದ ಬೆಳಕನ್ನು ನೋಡಿ, ಅದಕ್ಕೆ ಕ್ಯಾಮೆರಾದಲ್ಲಿ ಇಡಬೇಕಾದ ಎರಡು ಅಂಕಿಗಳನ್ನು ತುಟಿಯಲ್ಲೇ ಗೊಣಗಿಕೊಂಡು, ಆಮೇಲೆ ಒಳಗೆ ಕಾಲಿಡುವುದು. ಬ್ಯಾಂಕಾಗಲಿ, ಕ್ಷೌರದಂಗಡಿಯಾಗಲಿ, ಸಾವಿನ ಮನೆಯಾಗಲಿ, ಈ ನಿಯಮಕ್ಕೆ ರಿಯಾಯಿತಿ ಇರಲಿಲ್ಲ. ಸಹೋದ್ಯೋಗಿಯೊಬ್ಬರ ತಾಯಿ ತೀರಿಕೊಂಡಾಗ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತವರು ಅಭ್ಯಾಸಬಲದಿಂದ "ಅರವತ್ತು, ನಾಲ್ಕು" ಎಂದುಬಿಟ್ಟರು. ಒಳಗೆ ಕೂತಿದ್ದ ಅಜ್ಜನೊಬ್ಬ ಕಣ್ಣೊರೆಸಿಕೊಳ್ಳುತ್ತ, "ಇಲ್ಲಪ್ಪ, ಎಪ್ಪತ್ತೆರಡಾಗಿತ್ತು" ಎಂದು ತಿದ್ದಿದ.

ಅವರು ದೊಡ್ಡ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಲ್ಲಿ ಛಾಯಾಗ್ರಾಹಕರು. ಆಸ್ಪತ್ರೆಗೆ ಫೋಟೋದವನು ಯಾಕೆ ಎಂದು ಕೇಳುವವರಿಗೆ ಹೇಳಬೇಕು: ಮೈಮೇಲಿನ ಕೆಲವು ಮಚ್ಚೆಗಳನ್ನು ವೈದ್ಯರು ನಂಬುವುದಿಲ್ಲ. ನಾಲ್ಕಾರು ತಿಂಗಳಿಗೊಮ್ಮೆ ಅವುಗಳ ಚಿತ್ರ ತೆಗೆಸಿ, ಹಳೆಯದರ ಪಕ್ಕದಲ್ಲಿ ಹೊಸದನ್ನಿಟ್ಟು, ಮಚ್ಚೆ ಹರಡಿದೆಯೇ, ಬಣ್ಣ ಗಾಢವಾಗಿದೆಯೇ ಎಂದು ನೋಡುತ್ತಾರೆ. ಗಾಢವಾಗಿದ್ದರೆ ಕ್ಯಾನ್ಸರ್ ಇರಬಹುದೆಂದು ಅದನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ತಡವಾದರೆ ಪ್ರಾಣಕ್ಕೇ ಸಂಚಕಾರ. ಹೀಗೆ ಇಪ್ಪತ್ತಾರು ವರ್ಷ ಅನ್ಯರ ಬೆನ್ನು, ತೊಡೆ, ಕತ್ತು, ಕಿವಿಯ ಹಿಂಬದಿಗಳನ್ನೇ ಕಂಡ ಆ ಮನುಷ್ಯನಿಗೆ ಊರಿನ ಅರ್ಧದಷ್ಟು ಜನರ ಮುಖ ನೆನಪಿರಲಿಲ್ಲ, ಬೆನ್ನು ನೆನಪಿತ್ತು. ಅದೇ ಮೊಗಸಾಲೆಯ ದಾಖಲೆ ಕೋಣೆಯಲ್ಲಿ ಕೂತು ಅವರ ಚಿತ್ರಗಳನ್ನು ಕಡತಕ್ಕೆ ಸೇರಿಸುವುದು ನನ್ನ ಕೆಲಸವಾಗಿದ್ದರಿಂದ ಅವರ ಸುಖದುಃಖ ನನ್ನ ಕಿವಿಗೂ ಒಂದಿಷ್ಟು ಬೀಳುತ್ತಿತ್ತು.

ಎತ್ತರದ, ಸಣಕಲು ಆಳು. ನಡುದಾರಿಯಲ್ಲಿ ನಡೆದದ್ದನ್ನು ಯಾರೂ ಕಂಡಿಲ್ಲ. ಗೋಡೆಗೆ ಒರಗಿಕೊಂಡಂತೆ, ಭುಜವೊಂದನ್ನು ಮುಂದೆ ಮಾಡಿ ಸರಿದುಹೋಗುವುದೇ ಅವರ ನಡಿಗೆ. ಲಿಫ್ಟಿಗೆ ಹೆದರಿ ನಾಲ್ಕು ಮಹಡಿ ಹತ್ತುತ್ತಿದ್ದರು. ಫೋನು ಬಡಿದುಕೊಂಡರೆ ಮೊದಲು ಎದೆ ಮುಟ್ಟಿಕೊಂಡು ಆಮೇಲೆ ಫೋನು ಮುಟ್ಟುತ್ತಿದ್ದರು. ಮೇಲಿನ ಕೋಟು ಮಾತ್ರ ಎಲ್ಲರಿಗಿಂತ ಭಿನ್ನ. ಆಸ್ಪತ್ರೆ ಕೊಟ್ಟ ಅಚ್ಚ ಬಿಳಿ ಕೋಟನ್ನು ಅವರು ಮನೆಯ ಬಕೆಟ್ಟಿನಲ್ಲಿ ಬಣ್ಣ ಕಲಸಿ ಅದ್ದಿ ಬೂದಿಬಣ್ಣ ಮಾಡಿಕೊಂಡಿದ್ದರು. ಬಿಳಿ ಬಟ್ಟೆ ಬೆಳಕನ್ನು ರೋಗಿಯ ಮೈಮೇಲೆ ಎರಚುತ್ತದೆ, ಚಿತ್ರ ಸುಳ್ಳು ಹೇಳುತ್ತದೆ ಎಂಬುದು ವಾದ. ಸಮವಸ್ತ್ರ ಕೆಡಿಸಿದ್ದಕ್ಕೆ ಕಚೇರಿಯಿಂದ ನೋಟಿಸು ಬಂದಾಗ ಎರಡು ದಿನ ನಿದ್ದೆಗೆಟ್ಟು, ಕ್ಷಮಾಪಣೆ ಬರೆದುಕೊಟ್ಟರು. ಕೋಟನ್ನು ಮಾತ್ರ ಬದಲಿಸಲಿಲ್ಲ.

ಹೊಸ ಕ್ಯಾಮೆರಾ ಬಂದ ದಿನ ಮೇಲಧಿಕಾರಿ, "ಇನ್ನೇನ್ರೀ, ಆಟೋಗೆ ಹಾಕಿಬಿಡಿ. ಎಲ್ಲ ಅದೇ ನೋಡ್ಕೊಳ್ಳುತ್ತೆ" ಎಂದರು. ಆ ಮೆತ್ತನೆಯ ಮನುಷ್ಯ ಬಾಯಿಬಿಟ್ಟು ಎದುರಾಡಿದ್ದು ಅದೊಂದೇ ಸಲವಂತೆ.

"ಬೇಡ ಸಾರ್. ಅದಕ್ಕೆ ಎಲ್ಲರನ್ನೂ ಸಮಾಧಾನ ಮಾಡೋ ಚಾಳಿ. ಕಪ್ಪಗಿರೋದನ್ನ ಕಂಡ್ರೆ ಬೆಳ್ಳಗೆ ಮಾಡುತ್ತೆ, ಬೆಳ್ಳಗಿರೋದನ್ನ ಕಂಡ್ರೆ ಮಂಕು ಮಾಡುತ್ತೆ. ಹುಟ್ಟಿದಹಬ್ಬದ ಫೋಟೋಕ್ಕೆ ಸರಿ. ಮಚ್ಚೆಗೆ ಬೇಡ."

ಹಾಗೆಂದು ಡಯಲನ್ನು, ಬೆಳಕಿನ ಲೆಕ್ಕವನ್ನು ತಾವೇ ಕೈಯಾರೆ ಇಡಬೇಕಾದ ಮ್ಯಾನ್ಯುಯಲ್ ಅಕ್ಷರಕ್ಕೆ ತಿರುಗಿಸಿ, ಅದು ಯಾರ ಕೈತಪ್ಪಿನಿಂದಲೂ ಅಲುಗಾಡದಂತೆ ಮೇಲೆ ಕರಿ ಟೇಪು ಸುತ್ತಿಬಿಟ್ಟರು. ಕಿಟಕಿಗೆ ದಪ್ಪ ಪರದೆ, ಎರಡೇ ದೀಪ, ದೀಪದಿಂದ ಸ್ಟೂಲಿಗೆ ನೆಲದ ಮೇಲೆ ಗೀಚಿದ ಗೆರೆ; ಬೆಳಕೂ ಅದೇ, ದೂರವೂ ಅದೇ, ಲೆಕ್ಕವೂ ಅದೇ. ಮಚ್ಚೆಯ ಪಕ್ಕದಲ್ಲಿ ಬೆರಳುದ್ದದ ಬೂದಿಬಣ್ಣದ ಪಟ್ಟಿಯೊಂದನ್ನು ಅಂಟಿಸಿ ಚಿತ್ರ ತೆಗೆಯುವರು. ಪಟ್ಟಿ ಪ್ರತಿ ಚಿತ್ರದಲ್ಲೂ ಒಂದೇ ಬಣ್ಣವಾಗಿ ಬಂದಿದ್ದರೆ ಮಚ್ಚೆಯ ಬಣ್ಣವನ್ನೂ ನಂಬಬಹುದು. ಪಟ್ಟಿಯೇ ಬೆಳ್ಳಗಾಗಿದ್ದರೆ ಚಿತ್ರದಲ್ಲಿ ಮೋಸವಿದೆ ಎಂದರ್ಥ. ನರ್ಸುಗಳು ಅವರಿಗೆ ಮ್ಯಾನ್ಯುಯಲ್ ಮಾಮ ಎಂದು ಹೆಸರಿಟ್ಟರು, ಅದೇ ಉಳಿಯಿತು.

ಈ ಹಟದ ಬೇರಿನಲ್ಲಿ ಒಂದು ಭಯ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರೂ ಎಲ್ಲರಂತೆ ಆಟೋದಲ್ಲೇ ತೆಗೆಯುತ್ತಿದ್ದರು. ಆಗ ಶಾಲೆಯೊಂದರ ಮೇಡಂ ಕೆನ್ನೆಯ ಮಚ್ಚೆ ತೋರಿಸಲು ಬಂದರು. ಚಿತ್ರದಲ್ಲಿ ಕಾಲು ಭಾಗ ಮಾಮನ ಬಿಳಿ ಕೋಟಿನ ತೋಳೇ ತುಂಬಿಕೊಂಡಿತ್ತು. ಬೆಳಕು ಹೆಚ್ಚಾಯಿತೆಂದು ಬಗೆದ ಯಂತ್ರ ಇಡೀ ಚಿತ್ರವನ್ನು ಕಪ್ಪಾಗಿಸಿತು. ಮಚ್ಚೆ ಮಸಿಯ ಚುಕ್ಕೆಯಂತೆ ಬಂತು. ವೈದ್ಯರು ಗಾಬರಿಯಾಗಿ ಕತ್ತರಿಸಿದರು. ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಕೆನ್ನೆಯ ಮೇಲೆ ಮಾತ್ರ ಬೆರಳುದ್ದದ ಗಾಯದ ಗೆರೆ ಉಳಿಯಿತು. ಆಕೆ ಜಗಳವಾಡಿದ್ದರೆ ಅವರು ಎಂದೋ ಮರೆಯುತ್ತಿದ್ದರೇನೋ. ಆಕೆ ನಕ್ಕು, "ಇರಲಿ ಬಿಡಿ, ಏನೂ ಇಲ್ವಲ್ಲ, ಅಷ್ಟೇ ಸಾಕು" ಎಂದು ಹೊರಟುಹೋದರು. ಮಾಮನಿಗೆ ಆ ನಗು ಬಿಡಿಸಿಕೊಳ್ಳಲಾಗದ ಜ್ವರವಾಯಿತು.

ಮನೆಯಲ್ಲಿ ಅವರಿಗಿದ್ದದ್ದು ಒಬ್ಬ ಅಕ್ಕ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಹೊತ್ತುಕೊಂಡು ಮದುವೆಯಾಗದ ತಮ್ಮನ ಮನೆಗೆ ಬಂದವರು, ಮುಂದಿನ ಕೋಣೆಯಲ್ಲೇ ಗಿರಾಕಿಗಳನ್ನು ಕೂಡಿಹಾಕಿಕೊಂಡು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಲೋಕದ ನ್ಯಾಯ ತೀರ್ಮಾನಿಸುವವರು. ತಮ್ಮನಿಗೆ ಏನು ಕಂಡರೆ ಭಯವೋ ಅದೆಲ್ಲ ಆಕೆಗೆ ತಮಾಷೆ. "ಇವನು ಹುಟ್ಟಿದಾಗ ಅತ್ತಿದ್ದು ಹಸಿವಿಗಲ್ಲ, ಹೊರಗೆ ಬಂದುಬಿಟ್ಟೆನಲ್ಲ ಅನ್ನೋ ಹೆದರಿಕೆಗೆ" ಎಂದು ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದರು. ಆಕೆಯ ಎಡ ಭುಜದ ಮೂಳೆಯ ಕೆಳಗೆ, ಕನ್ನಡಿಗೂ ಕೈಗೂ ಎಟುಕದ ಜಾಗದಲ್ಲಿ, ಒಂದು ಮಚ್ಚೆ. ಐದು ವರ್ಷದಿಂದ ಅದರ ಚಿತ್ರ ತೆಗೆಯುತ್ತಿದ್ದವರು ತಮ್ಮನೇ. ಎಲ್ಲ ಚಿತ್ರದಲ್ಲೂ ಅದು ಹಾಲು ಬೆರೆಸಿದ ಕಾಫಿಯ ಬಣ್ಣದ್ದಾಗಿತ್ತು.

ಆ ಸಲ ಹಳೆಯ ಡಾಕ್ಟರು ನಿವೃತ್ತರಾಗಿ ಹೊಸ ಡಾಕ್ಟರಮ್ಮ ಬಂದು ಎರಡು ತಿಂಗಳಾಗಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಕ್ಕ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತು, ಪಕ್ಕದ ಮನೆಯವಳು ಅಳತೆಗೆ ಕೊಟ್ಟ ರವಿಕೆಯ ಕಥೆ ಹೇಳುತ್ತಿದ್ದರು. ಮಾಮ ಪಟ್ಟಿ ಅಂಟಿಸಿದರು, ಗೆರೆಯ ಮೇಲೆ ನಿಂತರು, ಒತ್ತಿದರು. ಕ್ಯಾಮೆರಾದ ಹಿಂಬದಿಯ ಪರದೆಯ ಮೇಲೆ ಚಿತ್ರ ಮೂಡಿತು. ಮಚ್ಚೆಯ ಅಳತೆ ಅಷ್ಟೇ ಇತ್ತು; ಬಣ್ಣ ಕರಕಲಾಗಿತ್ತು.

ಮಾಮ ಗೋಡೆಗೆ ಒರಗಿ ನಿಂತರು. ಇಪ್ಪತ್ತಾರು ವರ್ಷದಲ್ಲಿ ಇಂಥ ಕಪ್ಪನ್ನು ಎಷ್ಟು ಬೆನ್ನಿನ ಮೇಲೆ ಕಂಡಿದ್ದರೋ, ಅವುಗಳಲ್ಲಿ ಎಷ್ಟು ಬೆನ್ನು ಮತ್ತೆ ಬರಲಿಲ್ಲವೋ, ಆ ಲೆಕ್ಕ ಒಮ್ಮೆಗೇ ತಲೆಯಲ್ಲಿ ಸುರುಳಿ ಬಿಚ್ಚಿಕೊಂಡಿತು. "ಏನೋ, ಆಯ್ತೇನೋ? ಬೆನ್ನು ತಣ್ಣಗಾಗ್ತಿದೆ" ಎಂದರು ಅಕ್ಕ, ತಿರುಗಿ ನೋಡದೆ.

"ಇರು, ಸರಿ ಬರಲಿಲ್ಲ. ಇನ್ನೊಂದು" ಎಂದರು ಮಾಮ.

ಅಳಿಸುವ ಗುಂಡಿ ಒತ್ತಿದರು. ನಿಜವಾಗಿಯೂ ಅಳಿಸಬೇಕೇ ಎಂದು ಯಂತ್ರ ಕೇಳಿತು, ಹೌದೆಂದು ಒತ್ತಿದರು. ಆಮೇಲೆ ಉಗುರಿನಿಂದ ಕರಿ ಟೇಪಿನ ತುದಿ ಕೆರೆದು, ಸದ್ದಾಗದಂತೆ ಒಂದೊಂದೇ ಸುತ್ತು ಬಿಚ್ಚಿ, ಡಯಲನ್ನು ಆಟೋಗೆ ತಿರುಗಿಸಿದರು. ಗೆರೆಯ ಮೇಲೇ ನಿಂತು, ಯಂತ್ರ ಬೆಳಕನ್ನು ಅಳೆಯುವ ನಡುಚುಕ್ಕೆ ಕಪ್ಪು ಮಚ್ಚೆಯ ಮೇಲೇ ಬೀಳುವಂತೆ ಹಿಡಿದು ಒತ್ತಿದರು. ಯಂತ್ರ ತನ್ನ ಚಾಳಿಯಂತೆ ಕತ್ತಲೆಯನ್ನು ಕಂಡು ಮರುಗಿ ಬೆಳಕು ಸುರಿಯಿತು. ಮಚ್ಚೆ ಹಾಲು ಬೆರೆಸಿದ ಕಾಫಿಯಾಯಿತು. ಮೂಲೆಯಲ್ಲಿ ಪಟ್ಟಿ ಸುಣ್ಣದಂತೆ ಬೆಳ್ಳಗಾಗಿತ್ತು. ಆ ಪಟ್ಟಿಯನ್ನು ಓದಬಲ್ಲವರು ಆ ಕಟ್ಟಡದಲ್ಲಿ ಅವರೊಬ್ಬರೇ.

ಡಾಕ್ಟರಮ್ಮ ಬೆನ್ನನ್ನೂ ನೋಡಿದರು, ಹಳೆಯ ಚಿತ್ರವನ್ನೂ ಹೊಸದನ್ನೂ ನೋಡಿದರು. ಮೊದಲು ಹೇಗಿತ್ತೆಂದು ಕಣ್ಣಾರೆ ಕಂಡವರಲ್ಲವಲ್ಲ, ಚಿತ್ರವನ್ನೇ ನಂಬಬೇಕಾಯಿತು. "ನೋಡೋಕೆ ಸ್ವಲ್ಪ ಕಪ್ಪು ಅನಿಸ್ತು. ಆದ್ರೆ ಮೊದಲಿಂದ ಹೀಗೇ ಇದೆ, ಬದಲಾವಣೆ ಏನಿಲ್ಲ. ಆರು ತಿಂಗಳು ಬಿಟ್ಟು ಬನ್ನಿ ಅಮ್ಮ" ಎಂದರು.

ತಾನು ಹಾಗೇಕೆ ಮಾಡಿದೆ ಎಂದು ಮಾಮನಿಗೆ ಅಂದೂ ತಿಳಿಯಲಿಲ್ಲ, ಆಮೇಲೆ ನನಗೆ ಹೇಳುವಾಗಲೂ ತಿಳಿದಿರಲಿಲ್ಲ. ಒಂದೇ ಒಂದು ದಿನ, ಅದು ನಿಜವಲ್ಲದೆ ಇರಲಿ ಎಂದುಕೊಂಡರಂತೆ. ಸಂಜೆ ಹೇಳಿದರಾಯಿತು, ನಾಳೆ ಹೇಳಿದರಾಯಿತು. ಸಂಜೆಯಾಯಿತು, ನಾಳೆಯೂ ಆಯಿತು. ಮೊದಲು ರೋಗದ ಭಯವೊಂದೇ ಇದ್ದದ್ದು, ಈಗ ಅದರ ಜೊತೆಗೆ ತಾನು ಮುಚ್ಚಿಟ್ಟೆನೆಂಬ ಭಯವೂ ಸೇರಿ ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಅಕ್ಕ ಬಟ್ಟೆ ಒಣಗಿಸಲು ಕೈಯೆತ್ತಿದರೆ ಅವರ ಕಣ್ಣು ಭುಜದ ಕೆಳಗೆ ಹೋಗುತ್ತಿತ್ತು. ಬಟ್ಟೆಯ ಮರೆಯಲ್ಲಿ, ಚರ್ಮದ ಅಡಿಯಲ್ಲಿ, ಅದು ಈ ಕ್ಷಣದಲ್ಲೂ ಬೇರಿಳಿಸುತ್ತಿರಬಹುದು. ತಾನು ಅನ್ನ ಕಲಸುತ್ತಿರುವಾಗ ಒಂದು ಎಳೆ, ಸ್ನಾನ ಮಾಡುತ್ತಿರುವಾಗ ಇನ್ನೊಂದು ಎಳೆ. ಆಸ್ಪತ್ರೆಯಲ್ಲಿ ಟೇಪನ್ನು ಮತ್ತೆ ಸುತ್ತಿ, ಇತರರ ಬೆನ್ನುಗಳನ್ನು ಯಥಾಪ್ರಕಾರ ನಿಷ್ಠೆಯಿಂದ ತೆಗೆಯುತ್ತಲೇ ಇದ್ದರು. ಆ ನಿಷ್ಠೆಯೇ ಅವರಿಗೆ ಅಸಹ್ಯವಾಗತೊಡಗಿತು.

ಒಂಬತ್ತನೆಯ ದಿನ ಮಧ್ಯಾಹ್ನ ಮಾಮ ಊಟಕ್ಕೆ ಮನೆಗೆ ಬಂದು ತಟ್ಟೆಯನ್ನು ಹಾಗೇ ಸರಿಸಿ ಎದ್ದಾಗ ಅಕ್ಕ ಕತ್ತರಿಸುತ್ತಿದ್ದ ಬಟ್ಟೆ ಬಿಟ್ಟು, "ಕೂತ್ಕೋ. ಏನಾಗಿದೆ ಹೇಳು. ಕೆಲಸ ಹೋಯ್ತಾ?" ಎಂದರು. ಮಾಮ ಹೇಳಿದರು. ನೆಲ ನೋಡುತ್ತ, ಟೇಪು ಬಿಚ್ಚಿದ್ದರಿಂದ ಹಿಡಿದು ಸುಣ್ಣದಂತಾದ ಪಟ್ಟಿಯವರೆಗೆ ಎಲ್ಲ ಹೇಳಿದರು.

ಅಕ್ಕ ಬೈಯುತ್ತಾರೆಂದು ಕಾದರು. ಆಕೆ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ದಪ್ಪ ಆಗಿದೀಯ ಅಂದ್ರೆ ಗಿರಾಕಿಗೆ ಬೇಜಾರಾಗುತ್ತೆ ಅಂದ್ಕೊಂಡು ನಾನು ಸಣ್ಣ ಅಳತೆ ಬರ್ಕೊಂಡ್ರೆ, ಬಟ್ಟೆ ಮೈಗೆ ಹಿಡಿಸುತ್ತೇನೋ?" ಎಂದರು ಕೊನೆಗೆ. ದನಿ ಸಣ್ಣದಾಗಿತ್ತು. "ನನ್ನ ಬೆನ್ನು ನನಗೆ ಕಾಣಲ್ಲ ಕಣೋ. ನೀನು ನೋಡ್ತಿದೀಯ ಅಂತ ನಾನು ನಗ್ತಾ ಇದ್ದೆ."

ಮಾಮ ಅತ್ತರು. ಅಕ್ಕ ಗುಂಡುಪಿನ್ನಿನ ಡಬ್ಬಿಯ ಮುಚ್ಚಳವನ್ನು ಎರಡು ಸಲ ಒತ್ತಿದರೂ ಅದು ಕೂರಲಿಲ್ಲ. ಜೀವಮಾನವಿಡೀ ತನಗೆ ಮಾತ್ರ ಭಯ, ಆಕೆಗೆ ಇಲ್ಲ ಎಂದು ನಂಬಿದ್ದವರು ಅದನ್ನು ಕಂಡು ಇನ್ನಷ್ಟು ಹೆದರಿದರು. "ನಡಿ, ಬಾಗಿಲು ಹಾಕು" ಎಂದು ಆಕೆ ಚಪ್ಪಲಿ ಮೆಟ್ಟಿದರು.

ಆ ಮಧ್ಯಾಹ್ನ ಡಾಕ್ಟರಮ್ಮನ ಮುಂದೆ ನಿಂತು ಮಾಮ ತಪ್ಪೊಪ್ಪಿಕೊಂಡದ್ದನ್ನು ನಾನು ಬಾಗಿಲಾಚೆಯಿಂದ ಕೇಳಿದೆ. ಕೆಲಸ ಹೋದರೆ ಹೋಗಲಿ ಎಂಬಂಥ ದಿಟ್ಟತನವೇನೂ ಅಲ್ಲಿರಲಿಲ್ಲ; ಹೋಗುತ್ತದೆಂದು ಹೆದರುತ್ತಲೇ ಹೇಳಿದರು. ಡಾಕ್ಟರಮ್ಮ, "ಆ ಪಟ್ಟಿ ಯಾಕಿದೆ ಅಂತ ನಾನೂ ಕೇಳ್ಬೇಕಿತ್ತು. ಮೊದಲು ಸರಿಯಾದ ಚಿತ್ರ ತೆಗೀರಿ" ಎಂದರು. ತೆಗೆದರು. ಮರುದಿನವೇ ಮಚ್ಚೆಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವರದಿಗಾಗಿ ಕಾದ ಹದಿಮೂರು ದಿನ ಅಕ್ಕನ ಯಂತ್ರದ ಸದ್ದು ಬೀದಿಗೆ ಕೇಳಲಿಲ್ಲವಂತೆ. ವರದಿ ಬಂತು. ಅದು ಕೆಟ್ಟದ್ದೇ, ಆದರೆ ಮೇಲ್ಪದರದಲ್ಲೇ ಇತ್ತು, ಆಳಕ್ಕೆ ಇಳಿದಿರಲಿಲ್ಲ. ಆರು ತಿಂಗಳು ಕಾದಿದ್ದರೆ ಏನಾಗುತ್ತಿತ್ತೆಂದು ಡಾಕ್ಟರಮ್ಮ ಹೇಳಲಿಲ್ಲ, ಅವರಿಬ್ಬರೂ ಕೇಳಲಿಲ್ಲ. ಮಾಮನಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಅಕ್ಕನಿಗೆ ಮೂರು ತಿಂಗಳಿಗೊಮ್ಮೆ ಇಡೀ ಬೆನ್ನಿನ ಚಿತ್ರ ಬೇಕೆಂದು ಬರೆದರು. ಬೇರೆ ಯಾರಿಂದಾದರೂ ತೆಗೆಸುತ್ತೀರಾ ಎಂದು ಡಾಕ್ಟರಮ್ಮ ಕೇಳಿದಾಗ ಅಕ್ಕ, "ಬೇಡ. ಇವನೇ ತೆಗೀಲಿ" ಎಂದರು.

ಅಕ್ಕನ ಚಿತ್ರ ತೆಗೆಯುವ ದಿನಗಳಲ್ಲಿ ಮಾಮನನ್ನು ನೋಡಲಾಗುತ್ತಿರಲಿಲ್ಲ. ಬೆಳಗಿನಿಂದ ನೀರು ಕೂಡ ಮುಟ್ಟದೆ, ಮೊಗಸಾಲೆಯಲ್ಲಿ ಹತ್ತು ಸಲ ತಿರುಗುವರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಸ್ವಲ್ಪ ಹೊತ್ತಿನಲ್ಲಿ ಕ್ಯಾಮೆರಾದ ಶಟರಿನ ಸದ್ದು ಕೇಳುವುದು, ಒಂದೇ ಸಲ.

ಧೈರ್ಯವಂತರನ್ನು ಕುರಿತು ನಮ್ಮಲ್ಲಿ ಮಾತು ಬಹಳ. ಪುಕ್ಕಲರನ್ನು ಕುರಿತು ಗೇಲಿ ಬಿಟ್ಟರೆ ಬೇರೆ ಇಲ್ಲ. ಆದರೆ ಈ ಲೋಕದಲ್ಲಿ ನಾವು ನೆಮ್ಮದಿಯಿಂದ ಬೆನ್ನು ತಿರುಗಿಸಿ ಕೂರುವುದು ಹೆಚ್ಚಾಗಿ ಇಂಥವರ ಮುಂದೆಯೇ. ಅವರು ಹೆದರುತ್ತಾರೆಂದೇ ಎಚ್ಚರವಾಗಿರುತ್ತಾರೆ, ಒಮ್ಮೊಮ್ಮೆ ಹೆದರಿಯೇ ಕೈಬಿಡುತ್ತಾರೆ. ಧೀರನಿಗೆ ಒಂದು ಸಲ ಎದೆಗೊಟ್ಟರೆ ಮುಗಿಯಿತು, ಅವನ ಕಥೆ ಹೇಳುವವರಿರುತ್ತಾರೆ. ಪುಕ್ಕಲನಿಗೆ ಆ ಸೌಕರ್ಯವಿಲ್ಲ. ತಾನು ಅತ್ಯಂತ ಪ್ರೀತಿಸುವ ಜೀವದ ಬೆನ್ನ ಹಿಂದೆ, ಮೂರು ಮೂರು ತಿಂಗಳಿಗೊಮ್ಮೆ, ಏನು ಕಾಣುವುದೋ ಎಂದು ನಡುಗುತ್ತ, ಕಣ್ಣು ಮುಚ್ಚದೆ ನಿಲ್ಲಬೇಕು.